ಸ್ಕ್ಯಾನಿಂಗ್ ಅಂದ್ರೆ ಬಸುರಿಯರಿಗೆ ಮಾತ್ರನಾ?

ಭಾಗಮಂಡಲದ ತ್ರಿವೇಣಿ ಸಂಗಮದಲ್ಲಿ ಕಣ್ಣಿಗೆ ಕಾಣೋದು ಎರಡೇ ನದಿ, ಕಾವೇರಿ ಮತ್ತು ಕನ್ನಿಕೆ. ಮೂರನೆಯವಳು ಸುಜ್ಯೋತಿ, ನೆಲದೊಳಗೆ ಹರಿದು ಬಂದು ಸೇರುತ್ತಾಳೆ ಅನ್ನೋದು ನಂಬಿಕೆ. ಕಾಣದ ನದಿಗೂ ಕೈಮುಗಿಯುವ ಜನ ನಾವು. ಆದರೆ ತಿಂಗಳಿಗೊಮ್ಮೆ ಹೊಟ್ಟೆ ಹಿಡಿದುಕೊಂಡು ಮುದುಡಿ ಮಲಗುವ ಹುಡುಗಿಗೆ ಮಾತ್ರ, "ಎಲ್ಲರಿಗೂ ಇರೋದೇ, ಮದುವೆ ಆದ್ಮೇಲೆ ಸರಿಹೋಗುತ್ತೆ" ಅಂತೀವಿ. ಕಾಣದ ನೋವನ್ನು ನಂಬೋದು ಅಷ್ಟು ಕಷ್ಟ.

ವೈದ್ಯಶಾಸ್ತ್ರಕ್ಕೂ ಇದು ಬಹಳ ಕಾಲ ಕಷ್ಟವೇ ಆಗಿತ್ತು. 1921ರಲ್ಲಿ ಅಮೆರಿಕದ ಜಾನ್ ಸ್ಯಾಂಪ್ಸನ್ ಅಂಡಾಶಯದಲ್ಲಿ ಹಳೆಯ ರಕ್ತ ತುಂಬಿಕೊಂಡ "ಚಾಕೊಲೇಟ್ ಸಿಸ್ಟ್"ಗಳ ಬಗ್ಗೆ ಬರೆದರು. ಗರ್ಭಕೋಶದ ಒಳಪದರದಂಥದ್ದೇ ಅಂಗಾಂಶ ಹೊರಗೆಲ್ಲೋ ಬೆಳೆಯುವ ಎಂಡೋಮೆಟ್ರಿಯೋಸಿಸ್ ಕಾಯಿಲೆಯ ಒಂದು ಗುರುತು ಅದು. ಆದರೆ ಅದನ್ನು ನೋಡಬೇಕಾದರೆ ಹೊಟ್ಟೆ ಕೊಯ್ಯಲೇಬೇಕಿತ್ತು.

ಕೊಯ್ಯದೆ ನೋಡುವ ದಾರಿ ತೆರೆದದ್ದು ಸ್ಕಾಟ್ಲೆಂಡಿನಲ್ಲಿ. ಗ್ಲಾಸ್ಗೋದ ಸ್ತ್ರೀರೋಗ ತಜ್ಞ ಇಯಾನ್ ಡೊನಾಲ್ಡ್ 1955ರಲ್ಲಿ ಆಪರೇಷನ್‌ನಲ್ಲಿ ತೆಗೆದ ಗಡ್ಡೆಗಳನ್ನು ಕಾರಿಗೆ ಹಾಕಿಕೊಂಡು ಒಂದು ಬಾಯ್ಲರ್ ಕಾರ್ಖಾನೆಗೆ ಹೋದರು! ಲೋಹದೊಳಗಿನ ಬಿರುಕು ಹುಡುಕುವ ಅಲ್ಟ್ರಾಸೌಂಡ್ ಯಂತ್ರ ಅಲ್ಲಿತ್ತು. ನೀರು ತುಂಬಿದ ಗಡ್ಡೆ ಒಂದು ಥರ, ಗಟ್ಟಿ ಗಡ್ಡೆ ಇನ್ನೊಂದು ಥರ ಪ್ರತಿಧ್ವನಿ ಕೊಟ್ಟಿತು. ಆಮೇಲೆ ಎಂಜಿನಿಯರ್ ಟಾಮ್ ಬ್ರೌನ್, ವೈದ್ಯ ಜಾನ್ ಮ್ಯಾಕ್‌ವಿಕರ್ ಜೊತೆ ಸೇರಿ 1958ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬರೆದ ಲೇಖನ ಪ್ರಸಿದ್ಧವಾಯಿತು. ಗುಣವಾಗದ ಕ್ಯಾನ್ಸರ್ ಅಂತ ಕೈಬಿಟ್ಟಿದ್ದ ಒಬ್ಬ ಹೆಂಗಸಿನ ಹೊಟ್ಟೆಯಲ್ಲಿದ್ದದ್ದು ಬರೀ ದೊಡ್ಡ ಸಿಸ್ಟ್ ಅಂತ ಈ ಯಂತ್ರ ತೋರಿಸಿತ್ತು. ತೆಗೆದ ಮೇಲೆ ಆಕೆ ಉಳಿದರು.

ಗಮನಿಸಿ, ಆ ಲೇಖನದ ತಲೆಬರಹದಲ್ಲಿ ಇದ್ದದ್ದು ಹೊಟ್ಟೆಯ ಗಡ್ಡೆ, ಮಗುವಲ್ಲ.

ನಮ್ಮಲ್ಲಿ ಮಾತ್ರ ಅದು ಬಸುರಿಯರ ಯಂತ್ರವಾಯಿತು. ಹೆಣ್ಣುಭ್ರೂಣ ಹತ್ಯೆ ತಡೆಯಲು 1994ರಲ್ಲಿ ಕಾನೂನು ಬಂತು, ಬರಲೇಬೇಕಿತ್ತು. ಸ್ಕ್ಯಾನಿಂಗ್ ಸೆಂಟರ್‌ನ ಗೋಡೆ ಮೇಲೆ ಭ್ರೂಣಲಿಂಗ ಪತ್ತೆ ಅಪರಾಧ ಅನ್ನುವ ಬೋರ್ಡ್ ಎಲ್ಲರೂ ನೋಡಿದ್ದೀವಿ. ಆದರೆ ಮದುವೆಯಾಗದ ಮಗಳನ್ನು ಆ ಬೋರ್ಡಿನ ಕೆಳಗೆ ಕೂರಿಸೋಕೆ ಅಮ್ಮಂದಿರು ಹಿಂಜರಿಯುತ್ತಾರೆ. "ಯಾರಾದ್ರೂ ನೋಡಿದ್ರೆ ಏನಂದ್ಕೋತಾರೆ?" ಭಾಗಮಂಡಲದಿಂದಾದರೆ ಮಡಿಕೇರಿಯ ಮೆಡಿಕಲ್ ಕಾಲೇಜಿಗೆ ಸುಮಾರು 40 ಕಿಲೋಮೀಟರ್, ಅದೂ ಕೊಡಗಿನ ಮಳೆಯಲ್ಲಿ. ಅಷ್ಟು ದೂರ ಹೋಗಬೇಕಾದರೆ ಮೊದಲು ಮನೆಯವರು ನೋವನ್ನು ನಂಬಬೇಕು.

ಮೂತ್ರ ತುಂಬಿಕೊಂಡಿದ್ದಾಗ ಹೊಟ್ಟೆಯ ಮೇಲಿಂದಲೇ ಮಾಡುವ ಸ್ಕ್ಯಾನ್‌ನಲ್ಲಿ ಫೈಬ್ರಾಯ್ಡ್, ಚಾಕೊಲೇಟ್ ಸಿಸ್ಟ್ ಸಾಮಾನ್ಯವಾಗಿ ಕಾಣುತ್ತವೆ. ಗರ್ಭಕೋಶದ ಗೋಡೆಯೊಳಗೇ ಒಳಪದರ ಬೆಳೆಯುವ ಅಡಿನೋಮಯೋಸಿಸ್‌ನ ಸುಳಿವೂ ಸಿಗಬಹುದು. ರಕ್ತದ ಹರಿವು ತೋರಿಸುವ ಡಾಪ್ಲರ್‌ನಿಂದ ಸಂಶೋಧಕರು ಇನ್ನೊಂದು ವಿಷಯ ಕಂಡರು: ಗಡ್ಡೆಗಿಡ್ಡೆ ಏನೂ ಇಲ್ಲದೆ ತೀವ್ರ ನೋವು ತಿನ್ನುವವರಲ್ಲೂ ಗರ್ಭಕೋಶದ ರಕ್ತನಾಳಗಳಲ್ಲಿ ಹರಿವಿಗೆ ತಡೆ ಹೆಚ್ಚಿರುತ್ತದೆ. ಪ್ರೊಸ್ಟಾಗ್ಲಾಂಡಿನ್ ಎಂಬ ರಾಸಾಯನಿಕ ಗರ್ಭಕೋಶವನ್ನು ಹಿಂಡಿ ಹಿಪ್ಪೆ ಮಾಡುವುದರ ಫಲ ಅದು.

ಹಾಗಾಗಿ "ರಿಪೋರ್ಟ್ ನಾರ್ಮಲ್" ಅಂದ್ರೆ ನೋವು ಸುಳ್ಳು ಅಂತಲ್ಲ. ಎಂಡೋಮೆಟ್ರಿಯೋಸಿಸ್‌ನ ಸಣ್ಣ ಚುಕ್ಕೆಗಳು ಎಷ್ಟೋ ಸಲ ಸ್ಕ್ಯಾನ್‌ಗೂ ಸಿಗುವುದಿಲ್ಲ.

2025ರ ಅಕ್ಟೋಬರ್‌ನಲ್ಲಿ ಕರ್ನಾಟಕ ಸಚಿವ ಸಂಪುಟ ತಿಂಗಳಿಗೊಂದು ದಿನ ಸಂಬಳಸಹಿತ ಮುಟ್ಟಿನ ರಜೆಗೆ ಒಪ್ಪಿಗೆ ಕೊಟ್ಟಿತು. ರಜೆ ಒಳ್ಳೆಯದೇ. ಆದರೆ ಮಾತ್ರೆಗೂ ಬಗ್ಗದೆ ಪ್ರತಿ ತಿಂಗಳೂ ಕಾಡುವ ನೋವಿಗೆ ರಜೆಯ ಜೊತೆ ಡಾಕ್ಟರೂ ಬೇಕು. ತಂಗಿಯೋ ಸಹೋದ್ಯೋಗಿಯೋ "ತಡಿಯೋಕಾಗ್ತಿಲ್ಲ" ಅಂದ್ರೆ ಮೊದಲು ನಂಬಿ, ಆಮೇಲೆ ಜೊತೆಗೆ ಹೋಗಿ.