ರಾಗಿಯ ಕಾಳಿನೊಳಗಿನ ಬಾಣ

ಕೊಳ್ಳೇಗಾಲದಿಂದ ಹನೂರಿನ ಹಾದಿ ಹಿಡಿದು ಬಂಡಳ್ಳಿಯ ಕಡೆಗೆ ಹೋದವರ ಕಣ್ಣಿಗೆ ಬೀಳುವುದು ಮಳೆಯನ್ನೇ ನಂಬಿದ ಹೊಲಗಳು. ಈ ಸೀಮೆಗೆ ರಾಗಿ ಇಂದು ನಿನ್ನೆ ಬಂದ ಬೆಳೆಯಲ್ಲ. ಈಚೆಗೆ ಮುಸುಕಿನ ಜೋಳ ಬಂದು ಅದರ ಪಕ್ಕದಲ್ಲಿ ಜಾಗ ಮಾಡಿಕೊಂಡಿರುವುದು ನಿಜ. ಆದರೂ ಮುದ್ದೆಯಿಲ್ಲದ ಊಟವನ್ನು ಅಲ್ಲಿಯ ಹಿರಿಯರು ಊಟವೆಂದು ಒಪ್ಪಲಾರರು. ಹಿಂದಿನವರು ರಾಗಿಯನ್ನು ಹಗೇವಿಗೆ ತುಂಬಿ ಬಾಯಿ ಮುಚ್ಚಿದರೆಂದರೆ ವರ್ಷಗಟ್ಟಲೆ ಅದರ ಚಿಂತೆ ಮಾಡುತ್ತಿರಲಿಲ್ಲ. ಕನಕದಾಸರ ‘ರಾಮಧಾನ್ಯ ಚರಿತ್ರೆ’ಯಲ್ಲಿ ಭತ್ತವೂ ರಾಗಿಯೂ ಹೆಚ್ಚುಗಾರಿಕೆಗಾಗಿ ಕಾದಾಡಿ, ರಾಮನ ಅಪ್ಪಣೆಯಂತೆ ಆರು ತಿಂಗಳು ಸೆರೆಯಲ್ಲಿದ್ದು ಹೊರಬಂದಾಗ, ಕಳೆಗುಂದದೆ ನಿಂತದ್ದು ರಾಗಿಯೇ.

ರಾಗಿ ಹುಳುವಿಗೆ ಸುಲಭವಾಗಿ ದಕ್ಕದಿರುವುದಕ್ಕೆ ಕಾರಣ ಒಂದೇ ಅಲ್ಲ. ಕಾಳು ಬಲು ಸಣ್ಣದು. ಸಿಪ್ಪೆಯಲ್ಲಿ ಒಗರಿನ ಅಂಶವಿದೆ. ಆದರೆ ಇವುಗಳ ಹಿಂದೆ, ಕಾಳಿನ ಒಳಮನೆಯಲ್ಲಿ, ಇನ್ನೊಂದು ಕಾವಲೂ ಉಂಟು. ಹುಳು ಕಾಳನ್ನು ಕಡಿದರೆ ಸಾಲದು, ಅರಗಿಸಿಕೊಳ್ಳಬೇಕು. ಪಿಷ್ಟವನ್ನು ಕತ್ತರಿಸಿ ಸಕ್ಕರೆ ಮಾಡುವುದಕ್ಕೆ ಅದರ ಕರುಳಿನಲ್ಲಿ ಅಮೈಲೇಸ್ ಎಂಬ ಕಿಣ್ವವಿದೆ. ನಮ್ಮ ಜೊಲ್ಲಿನಲ್ಲಿಯೂ ಇದೆ. ರಾಗಿಯೊಳಗಿನ ಒಂದು ಪುಟ್ಟ ಪ್ರೋಟೀನು ಈ ಕಿಣ್ವದ ಬಾಯಿಗೆ ಬೀಗ ಜಡಿಯುತ್ತದೆ. ಸಾಲದುದಕ್ಕೆ, ಪ್ರೋಟೀನುಗಳನ್ನು ಕತ್ತರಿಸುವ ಟ್ರಿಪ್ಸಿನ್ ಎಂಬ ಬೇರೊಂದು ಕಿಣ್ವವನ್ನೂ ಅದೇ ತಡೆಯುತ್ತದೆ. (ಮುದ್ದೆ ಉಣ್ಣುವವರು ಗಾಬರಿಯಾಗಬೇಕಿಲ್ಲ, ಬೇಯಿಸಿ ಉಂಡು, ಅರಗಿಸಿಕೊಂಡು, ಹೊಲ ಉತ್ತ ತಲೆತಲಾಂತರದ ಸಾಕ್ಷ್ಯ ಅವರ ಪರವಾಗಿದೆ.) ಒಂದು ಕಾಳು ಎರಡು ಶತ್ರುಗಳನ್ನು ಹೇಗೆ ಹಿಡಿಯಿತು ಎಂಬುದನ್ನು ತಿಳಿಯಲು, ಪರಮಾಣುಗಳು ಒಂದನ್ನೊಂದು ಹೇಗೆ ತಾಕುತ್ತವೆ ಎಂಬ ಶಾಸ್ತ್ರವೇ ಬೆಳೆಯಬೇಕಾಯಿತು.

ಪ್ರೋಟೀನೆಂದರೆ ಇಪ್ಪತ್ತು ಬಗೆಯ ಅಮೈನೋ ಆಮ್ಲಗಳನ್ನು ಮಣಿಗಳಂತೆ ಪೋಣಿಸಿದ ಸರ. ಸರ ಸರವಾಗಿಯೇ ಉಳಿದರೆ ಪ್ರಯೋಜನವಿಲ್ಲ. ಮಡಿಸಿಕೊಂಡು, ಸುರುಟಿಕೊಂಡು, ಗೊತ್ತಾದ ಒಂದು ಆಕಾರಕ್ಕೆ ಬರಬೇಕು. ಆಗ ಸರದಲ್ಲಿ ದೂರವಿದ್ದ ಮಣಿಗಳು ನೆರೆಹೊರೆಯಾಗುತ್ತವೆ. ಯಾವ ಮಣಿಗೆ ಯಾವುದು ನೆರೆ, ನಡುವೆ ಎಷ್ಟು ಅಂತರ ಎಂದು ಲೆಕ್ಕಹಾಕುವುದೇ ಸಂಪರ್ಕಗಳ ವಿಶ್ಲೇಷಣೆ. ಇಲ್ಲಿಯ ಅಳತೆಗೋಲು ಆಂಗ್‌ಸ್ಟ್ರಾಂ, ಅಂದರೆ ಮಿಲಿಮೀಟರಿನ ಕೋಟಿಯಲ್ಲೊಂದು ಪಾಲು. ಎರಡು ಮಣಿಗಳ ಪರಮಾಣುಗಳು ಸುಮಾರು 4 ಆಂಗ್‌ಸ್ಟ್ರಾಂ ಒಳಗೆ ಬಂದರೆ ಅವು ತಾಕಿಕೊಂಡಿವೆ ಎಂದೆಣಿಸುವುದು ವಾಡಿಕೆ. ಹಾಗಾದರೆ ಎಷ್ಟು ಹತ್ತಿರ ಬರಕೂಡದು? ಈ ಪ್ರಶ್ನೆಗೆ ಉತ್ತರ ಹುಟ್ಟಿದ್ದು ಒಂದು ಆಕ್ಷೇಪಣೆಯಿಂದ.

ಜಿ.ಎನ್. ರಾಮಚಂದ್ರನ್ ಎಂಬ ತರುಣ 1942ರಲ್ಲಿ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿಗೆ ವಿದ್ಯುತ್ ಇಂಜಿನಿಯರಿಂಗ್ ಕಲಿಯಲೆಂದು ಬಂದು, ಸರ್ ಸಿ.ವಿ. ರಾಮನ್ನರ ಸೆಳೆತಕ್ಕೆ ಸಿಕ್ಕಿ ಭೌತಶಾಸ್ತ್ರಕ್ಕೆ ಹೊರಳಿದರು. ಮುಂದೆ ಮದರಾಸು ವಿಶ್ವವಿದ್ಯಾನಿಲಯದಲ್ಲಿ ಪ್ರಾಧ್ಯಾಪಕರಾಗಿ, ಗೋಪಿನಾಥ ಕರ್ತಾ ಅವರೊಡನೆ ಕೊಲಾಜೆನ್ನಿನ ರಚನೆಯನ್ನು ಹುಡುಕಿದರು. ಚರ್ಮ, ಮೂಳೆಗಳಿಗೆ ಬಿಗಿ ಕೊಡುವ ಪ್ರೋಟೀನು ಅದು. ಅದು ಮೂರೆಳೆಯ ಹುರಿ ಎಂದು ಅವರು ‘ನೇಚರ್’ ಪತ್ರಿಕೆಯಲ್ಲಿ 1954ರಲ್ಲಿ ಸಾರಿದರು. 1955ರಲ್ಲಿ ತಿದ್ದಿದ ರೂಪವನ್ನು ಕೊಟ್ಟರು. ಕೊಳ್ಳೇಗಾಲದ ಸೀಮೆಯೂ ಆಗ ಕೊಯಮತ್ತೂರು ಜಿಲ್ಲೆಗೆ, ಅಂದರೆ ಮದರಾಸು ರಾಜ್ಯಕ್ಕೇ ಸೇರಿತ್ತು. ಬಂಡಳ್ಳಿಯವರು ಮೈಸೂರು ರಾಜ್ಯದವರಾದದ್ದು 1956ರ ನವೆಂಬರ್ 1ರಂದು.

ಅದೇ 1955ರಲ್ಲಿ ಅಲೆಕ್ಸಾಂಡರ್ ರಿಚ್ ಮತ್ತು ಫ್ರಾನ್ಸಿಸ್ ಕ್ರಿಕ್ ಈ ಹುರಿಯಲ್ಲಿ ತಪ್ಪು ಹಿಡಿದರು. ಮದರಾಸಿನವರ ಹುರಿಯಲ್ಲಿ ಕೆಲವು ಪರಮಾಣುಗಳು ಇರಬಾರದಷ್ಟು ಹತ್ತಿರ ಬಂದುಬಿಟ್ಟಿವೆ ಎಂಬುದು ಅವರ ವಾದ. ಕ್ರಿಕ್ ಆಗಲೇ ಡಿ.ಎನ್.ಎ. ರಚನೆಯಿಂದ ಹೆಸರಾದವರು; ಅವರ ಮಾತಿಗೆ ತೂಕವಿತ್ತು. ಬೇರೆಯವರಾಗಿದ್ದರೆ ಮುನಿಸಿಕೊಂಡು ಪತ್ರಸಮರ ಹೂಡುತ್ತಿದ್ದರೋ ಏನೋ. ರಾಮಚಂದ್ರನ್ ಕೇಳಿದ ಪ್ರಶ್ನೆ ಬೇರೆ: ಇರಬಾರದಷ್ಟು ಹತ್ತಿರ ಎಂದರೆ ಎಷ್ಟು? ಅದನ್ನು ಅಳೆದವರು ಯಾರು? ಆವರೆಗೆ ಕ್ಷ-ಕಿರಣಗಳಿಂದ ಬಿಡಿಸಿದ ಸಣ್ಣ ಹರಳುಗಳ ಲೆಕ್ಕಗಳನ್ನೆಲ್ಲ ಅವರೂ ಅವರ ಶಿಷ್ಯ ವಿ. ಶಶಿಶೇಖರನ್‌ರೂ ಜಾಲಾಡಿದರು. ಪುಸ್ತಕದ ಮಿತಿಗಿಂತ ಹತ್ತಿರದಲ್ಲಿ ಪರಮಾಣುಗಳು ನೆಮ್ಮದಿಯಾಗಿ ಕುಳಿತಿದ್ದದ್ದು ಎಷ್ಟೋ ಕಡೆ ಸಿಕ್ಕಿತು. ಹೀಗೆ ಒಂದೊಂದು ಜೋಡಿಗೂ ಎರಡು ಗಡಿಗಳು ಗೊತ್ತಾದವು. ಬಂಧವಿಲ್ಲದ ಎರಡು ಕಾರ್ಬನ್ನುಗಳು ಸಾಮಾನ್ಯವಾಗಿ 3.2 ಆಂಗ್‌ಸ್ಟ್ರಾಂಗಿಂತ ಹತ್ತಿರ ಬರಲೊಲ್ಲವು, ತೀರ ಒತ್ತಿದರೆ 3.0, ಎರಡು ಹೈಡ್ರೋಜನ್ನುಗಳಿಗೆ 2.0, ಒತ್ತಿದರೆ 1.9.

ಈ ಪಟ್ಟಿಯನ್ನು ಕೈಯಲ್ಲಿ ಹಿಡಿದು ಅವರು ಸರದ ಒಂದು ಮಣಿಯ ಎರಡೂ ಕಡೆಯ ತಿರುವುಗಳನ್ನು ಪರೀಕ್ಷಿಸಿದರು. ಯಾವ ಕೋನದಲ್ಲಿ ತಿರುಗಿಸಿದರೆ ಪರಮಾಣುಗಳು ಡಿಕ್ಕಿ ಹೊಡೆಯುತ್ತವೆ, ಯಾವ ಕೋನದಲ್ಲಿ ಇಲ್ಲ? ಸಿ. ರಾಮಕೃಷ್ಣನ್ ಮತ್ತು ಶಶಿಶೇಖರನ್ ಜತೆಗೂಡಿ 1963ರಲ್ಲಿ ಪ್ರಕಟಿಸಿದ ಚೌಕದಲ್ಲಿ ಹೆಚ್ಚಿನ ಪಾಲು ನಿಷಿದ್ಧ ಪ್ರದೇಶ. ಪ್ರವೇಶವಿರುವುದು ಅಲ್ಲೊಂದು ಇಲ್ಲೊಂದು ದ್ವೀಪಕ್ಕೆ ಮಾತ್ರ. ಅದೇ ‘ರಾಮಚಂದ್ರನ್ ನಕ್ಷೆ’. ಇಂದಿಗೂ ಪ್ರಪಂಚದ ಯಾವ ಮೂಲೆಯಲ್ಲಿ ಪ್ರೋಟೀನಿನ ರಚನೆ ಸಿದ್ಧವಾದರೂ ಈ ನಕ್ಷೆಯಲ್ಲಿಟ್ಟು ನೋಡದೆ ಯಾರೂ ನೆಚ್ಚುವುದಿಲ್ಲ. ಕೊಲಾಜೆನ್ ವಿವಾದದ ತೀರ್ಪನ್ನೂ ಹೇಳಬೇಕಷ್ಟೆ: ಮೂರು ಮಣಿಗೊಂದೇ ಹೈಡ್ರೋಜನ್ ಬಂಧ ಎಂಬ ವಿವರದಲ್ಲಿ ರಿಚ್ ಮತ್ತು ಕ್ರಿಕ್ಕರ ಮಾತು ನಿಂತಿತು, ಮೂರೆಳೆಯ ಹುರಿಯೆಂಬ ಮೂಲ ಕಲ್ಪನೆ ಮದರಾಸಿನದು. ಈ ಎರಡನ್ನೂ ಒಟ್ಟಿಗೆ ಹೇಳುವವರು ಕಡಮೆ.

ಸತೀಶ ಧವನ್ನರ ಆಹ್ವಾನದ ಮೇಲೆ ರಾಮಚಂದ್ರನ್ ಬೆಂಗಳೂರಿಗೆ ಮರಳಿ, 1970ರ ದಶಕದ ಆರಂಭದಲ್ಲಿ ಅದೇ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ ಅಣುಜೀವಭೌತ ವಿಭಾಗವನ್ನು ಕಟ್ಟಿದರು. ಅಲ್ಲಿಯೇ ಎಂ. ವಿಜಯನ್ ಮತ್ತು ಸಂಗಡಿಗರು 1994ರಲ್ಲಿ ನಮ್ಮ ಕಡಲೆಕಾಯಿಯ ಲೆಕ್ಟಿನ್ ಎಂಬ ಪ್ರೋಟೀನಿನ ರಚನೆಯನ್ನು ಬಿಡಿಸಿ, ಅದರ ನಾಲ್ಕು ತುಂಡುಗಳು ಯಾರೂ ನಿರೀಕ್ಷಿಸದ ರೀತಿಯಲ್ಲಿ, ಸಮಮಿತಿಯ ನಿಯಮವನ್ನೇ ಮೀರಿ ಒಂದಕ್ಕೊಂದು ತಾಕಿ ನಿಂತಿರುವುದನ್ನು ತೋರಿಸಿದರು.

ರಾಗಿಯ ಕಥೆ ಆರಂಭವಾಗುವುದು ಬೆಂಗಳೂರಿನಲ್ಲಲ್ಲ, ಮಣಿಪಾಲದಲ್ಲಿ. ಕಸ್ತೂರಬಾ ವೈದ್ಯಕೀಯ ಕಾಲೇಜಿನ ಬಿ. ಶಿವರಾಜ್ ಮತ್ತು ಟಿ.ಎನ್. ಪಟ್ಟಾಭಿರಾಮನ್ ರಾಗಿಯಿಂದ ಈ ಪ್ರೋಟೀನನ್ನು ಶುದ್ಧಮಾಡಿ, 1981ರಲ್ಲಿ ತಮ್ಮ ಶೋಧವನ್ನು ಪ್ರಕಟಿಸಿದರು. ಅವರ ಕೈಯಲ್ಲಿ ಹರಳೂ ಇರಲಿಲ್ಲ, ಕ್ಷ-ಕಿರಣದ ಚಿತ್ರವೂ ಇರಲಿಲ್ಲ. ಇದ್ದದ್ದು ರಸಾಯನಶಾಸ್ತ್ರದ ಹಳೆಯ ಉಪಾಯ: ಒಂದು ಬಗೆಯ ಗುಂಪನ್ನು ಮರೆಮಾಡು, ಏನು ಕೆಡುತ್ತದೆ ನೋಡು. ಪ್ರೋಟೀನಿನ ಅಮೈನೋ ಗುಂಪುಗಳನ್ನು ಮುಚ್ಚಿದಾಗ ಅಮೈಲೇಸನ್ನು ತಡೆಯುವ ಶಕ್ತಿ ಪೂರ್ತಿ ಹೋಯಿತು, ಟ್ರಿಪ್ಸಿನ್ ತಡೆಯುವ ಶಕ್ತಿ ಅಷ್ಟಾಗಿ ಕುಗ್ಗಲಿಲ್ಲ. ಆರ್ಜಿನಿನ್ ಮಣಿಗಳನ್ನು ಮುಚ್ಚಿದಾಗ ಇದರ ತಿರುವುಮುರುವು. ಎಂದರೆ ಎರಡು ಕಿಣ್ವಗಳಿಗೂ ಬೇರೆ ಬೇರೆ ಕೈಗಳು. ಅಮೈಲೇಸ್, ರಾಗಿಯ ಪ್ರೋಟೀನು, ಟ್ರಿಪ್ಸಿನ್ ಮೂರೂ ಒಟ್ಟಿಗೇ ಅಂಟಿಕೊಳ್ಳುವುದನ್ನೂ ಅವರು ತೋರಿಸಿದರು.

ಇದಾದ ಮೇಲೆ ಕಥೆ ಸಮುದ್ರ ದಾಟಿತು. 1983ರಲ್ಲಿ ಕ್ಯಾಂಪೋಸ್ ಮತ್ತು ರಿಚರ್ಡ್‌ಸನ್ ಸರದ ಮಣಿಗಳನ್ನು ಸಾಲಾಗಿ ಓದಿದರು: ಒಟ್ಟು 122. 1995ರಲ್ಲಿ ಪರಮಾಣು ಬೀಜಗಳ ಕಾಂತೀಯ ಅನುರಣನೆಯಿಂದ ಅದರ ಮೂರು ಆಯಾಮದ ರೂಪ ತಿಳಿಯಿತು. 1998ರಲ್ಲಿ ಸ್ಟ್ರೋಬ್ಲ್ ಮತ್ತು ಸಂಗಡಿಗರು, ರಾಗಿಯ ಈ ಪ್ರೋಟೀನನ್ನು ಶೇಖರಿಸಿದ ಧಾನ್ಯಕ್ಕೂ ಹಿಟ್ಟಿಗೂ ಬೀಳುವ ಹಳದಿ ಹುಳುವೊಂದರ ಅಮೈಲೇಸಿನೊಡನೆ ಸೇರಿಸಿ ಹರಳು ಮಾಡಿ, 2.5 ಆಂಗ್‌ಸ್ಟ್ರಾಂ ಸೂಕ್ಷ್ಮತೆಯಲ್ಲಿ ನೋಡಿದರು. 1988ರ ನೊಬೆಲ್ ಪಾರಿತೋಷಕ ಪಡೆದ ರಾಬರ್ಟ್ ಹೂಬರ್ ಆ ತಂಡದಲ್ಲಿದ್ದರು. ಲೇಖನದ ಶಿರೋನಾಮೆಯಲ್ಲಿ ‘ರಾಗಿ’ ಎಂಬ ನಮ್ಮ ಮಾತೇ ಇದೆ.

ಕಂಡದ್ದೇನು? ಸರದ 1ರಿಂದ 11ರವರೆಗಿನ ಮಣಿಗಳೂ 52ರಿಂದ 55ರವರೆಗಿನ ಮಣಿಗಳೂ ಕೂಡಿ ಬಾಣದ ಮೊನೆಯಂತೆ ಕಿಣ್ವದ ಕಣಿವೆಯೊಳಕ್ಕೆ, ಪಿಷ್ಟ ಕೂರಬೇಕಾದ ಜಾಗಕ್ಕೇ, ನಾಟಿಕೊಂಡಿವೆ. ಸರದಲ್ಲಿ ಅಷ್ಟು ದೂರವಿರುವ ಈ ಎರಡು ತುಣುಕುಗಳು ಜತೆಯಾದದ್ದು ಹೇಗೆ? 6ನೆಯ ಮಣಿಯೂ 55ನೆಯ ಮಣಿಯೂ ಗಂಧಕ ಇರುವ ಸಿಸ್ಟೀನುಗಳು. ಒಂದರ ಗಂಧಕ ಇನ್ನೊಂದರದನ್ನು ಹಿಡಿದು ಹೊಲಿಗೆ ಹಾಕಿದೆ. ಅಂಥ ಹೊಲಿಗೆ ಇಡೀ ಪ್ರೋಟೀನಿನಲ್ಲಿ ಐದು. ಬಿಡಿಯಾಗಿದ್ದಾಗ ಅತ್ತಿತ್ತ ಅಲ್ಲಾಡುವ ಸರದ ತುದಿ, ಕಿಣ್ವದೊಳಗೆ ಹೊಕ್ಕಾಗ ಬಿಗಿಯಾದ ಸುರುಳಿಯಾಗುತ್ತದೆ. ನಡುವೆ ಉಳಿದ ಸಂದುಗಳನ್ನು ನೀರಿನ ಅಣುಗಳು ತುಂಬುತ್ತವೆ. ಟ್ರಿಪ್ಸಿನ್ ಹಿಡಿಯುವ ಕೈ ಇದರ ವಿರುದ್ಧ ಮಗ್ಗುಲಲ್ಲಿದೆ. ಅದರ ಮುಖ್ಯ ಮಣಿ 34ನೆಯದು, ಆರ್ಜಿನಿನ್.

ಮಣಿಪಾಲದಲ್ಲಿ ಗುಂಪುಗಳನ್ನು ಮುಚ್ಚಿ ಊಹಿಸಿದ್ದು ಹದಿನೇಳು ವರ್ಷಗಳ ಮೇಲೆ ಹೀಗೆ ಕಣ್ಣಿಗೆ ಬಿತ್ತು. ಟ್ರಿಪ್ಸಿನ್ನಿಗೆ ಆರ್ಜಿನಿನ್ ಎಂದಿದ್ದರು, ಆರ್ಜಿನಿನ್ನೇ ಇತ್ತು. ಅಮೈಲೇಸಿಗೆ ಅಮೈನೋ ಗುಂಪು ಎಂದಿದ್ದರು; ಕಣಿವೆಯ ತಳಕ್ಕೆ ಹೊಕ್ಕಿದ್ದು ಸರದ ಮೊದಲ ಮಣಿಯ, ಅಂದರೆ ಅಮೈನೋ ಗುಂಪನ್ನು ಹೊತ್ತ ತುದಿಯ ಕಡೆಯೇ.

ಈಗ ಇಂಥ ಲೆಕ್ಕಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ. 1998ರ ಆ ಜೋಡಿಯ ಪ್ರತಿಯೊಂದು ಪರಮಾಣುವಿನ ಸ್ಥಾನವೂ ಪ್ರೋಟೀನ್ ಡೇಟಾ ಬ್ಯಾಂಕಿನಲ್ಲಿ ‘1ಟಿಎಂಕ್ಯೂ’ ಎಂಬ ಗುರುತಿನಲ್ಲಿ ಬಿಟ್ಟಿಯಾಗಿ ದೊರೆಯುತ್ತದೆ. ಹನೂರಿನ ಕಾಲೇಜಿನ ಹುಡುಗಿಯೊಬ್ಬಳು ತನ್ನ ಕಂಪ್ಯೂಟರಿನಲ್ಲಿ ಅದನ್ನು ತೆರೆದು, 4 ಆಂಗ್‌ಸ್ಟ್ರಾಂ ಒಳಗೆ ರಾಗಿಯ ಯಾವ ಮಣಿ ಹುಳುವಿನ ಯಾವ ಮಣಿಯನ್ನು ಮುಟ್ಟಿದೆ ಎಂದು ಒಂದು ಮಧ್ಯಾಹ್ನದಲ್ಲಿ ಪಟ್ಟಿ ಮಾಡಬಹುದು.