ತಂತಿಜಾಲವೂ ಕಾಂತಪಟ್ಟಿಯೂ: ಕನ್ನಡ ದೂರದರ್ಶನದ ಆದಿಕಾಲ ಮತ್ತು ಹಾವೇರಿ ಸೀಮೆಯ ನಾಲ್ಕು ತಾಲ್ಲೂಕುಗಳು

1

ಹಾನಗಲ್ಲು, ಶಿಗ್ಗಾವಿ, ಸವಣೂರು, ಹಿರೇಕೆರೂರು ಎಂಬ ನಾಲ್ಕು ತಾಲ್ಲೂಕುಗಳ ಇತಿಹಾಸವನ್ನು ಕುರಿತು ಬರೆಯುವವರಿಗೆ ಆಧಾರಗಳ ಕೊರತೆಯಿಲ್ಲ. ಹಾನಗಲ್ಲಿನ ಕದಂಬರ ಶಾಸನಗಳು, ತಾರಕೇಶ್ವರ ದೇವಾಲಯ, ಶಿಗ್ಗಾವಿ ತಾಲ್ಲೂಕಿನ ಬಂಕಾಪುರದ ನಗರೇಶ್ವರ ದೇವಾಲಯ, ಹಿರೇಕೆರೂರು ತಾಲ್ಲೂಕಿನ ಅಬಲೂರಿನ ಶಾಸನ, ಸವಣೂರು ನವಾಬರ ಆಳ್ವಿಕೆಯ ಕುರುಹುಗಳು, ಇವೆಲ್ಲವೂ ಕಲ್ಲಿನ ಮೇಲೆ ಅಥವಾ ಕಾಗದದ ಮೇಲೆ ನಿಂತಿರುವ ಸಾಕ್ಷ್ಯಗಳು. ಎಂಟು ಶತಮಾನಗಳ ಹಿಂದೆ ಇಲ್ಲಿ ಯಾರು ಯಾರಿಗೆ ಎಷ್ಟು ಮತ್ತರು ಭೂಮಿಯನ್ನು ದತ್ತಿ ಬಿಟ್ಟರೆಂಬುದನ್ನು ನಾವು ಹೇಳಬಲ್ಲೆವು. ಆದರೆ ನಮ್ಮ ತಂದೆತಾಯಿಗಳ ಕಾಲದಲ್ಲಿ ಈ ಊರುಗಳ ಜನ ಮೊದಲ ಬಾರಿಗೆ ಚಲಿಸುವ ಚಿತ್ರವನ್ನು ಒಂದು ಪೆಟ್ಟಿಗೆಯಲ್ಲಿ ಹೇಗೆ ಕಂಡರು, ಆ ಚಿತ್ರವನ್ನು ತಯಾರಿಸಿದವರಾರು, ಯಾವ ಸಲಕರಣೆಗಳಿಂದ ತಯಾರಿಸಿದರು ಎಂಬ ಪ್ರಶ್ನೆಗೆ ನಮ್ಮಲ್ಲಿ ಸಿದ್ಧವಾದ ಉತ್ತರವಿಲ್ಲ.

ಪ್ರಕೃತ ಲೇಖನದ ಉದ್ದೇಶವು ಪರಿಮಿತವಾದುದು. ಕನ್ನಡದಲ್ಲಿ ದೂರದರ್ಶನ ಕಾರ್ಯಕ್ರಮಗಳ ಕ್ರಮಬದ್ಧವಾದ ಪ್ರಸಾರವು 1975ರಲ್ಲಿ ಹೇಗೆ ಆರಂಭವಾಯಿತು, ಅದರಲ್ಲಿ ಅಲ್ಪವೆಚ್ಚದ, ಇದ್ದುದರಲ್ಲೇ ಹೊಂದಿಸಿಕೊಂಡ ಸಲಕರಣೆಗಳ ಪಾತ್ರವೇನು ಎಂಬುದನ್ನು ಪರಿಶೀಲಿಸಿ, ಆ ಬೆಳಕಿನಲ್ಲಿ ನಮ್ಮ ನಾಲ್ಕು ತಾಲ್ಲೂಕುಗಳ ಸ್ಥಾನವನ್ನು ಗುರುತಿಸುವುದೇ ಇಲ್ಲಿಯ ಪ್ರಯತ್ನ.

2

ಮೊದಲಿಗೆ ಬಾನುಲಿಯ ಇತಿಹಾಸವನ್ನು ಸ್ಮರಿಸಿಕೊಳ್ಳುವುದು ಉಚಿತ. 1935ರ ಸೆಪ್ಟೆಂಬರ್ 10ರಂದು ಮೈಸೂರಿನಲ್ಲಿ, ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ಮೂವತ್ತು ವಾಟ್ ಶಕ್ತಿಯ ಪ್ರಸಾರಕವೊಂದರಿಂದ ಬಾನುಲಿ ಪ್ರಸಾರವನ್ನು ಆರಂಭಿಸಿದರು. ಆ ಪುಟ್ಟ ನಿಲಯಕ್ಕೆ ಇಟ್ಟ 'ಆಕಾಶವಾಣಿ' ಎಂಬ ಹೆಸರು ಮುಂದೆ ಇಡೀ ದೇಶದ ಬಾನುಲಿಯ ಹೆಸರಾಯಿತು. ಒಂದು ದೀಪಕ್ಕೆ ಬೇಕಾಗುವಷ್ಟು ವಿದ್ಯುಚ್ಛಕ್ತಿಯಿಂದ, ಒಬ್ಬ ಅಧ್ಯಾಪಕರ ಮನೆಯಲ್ಲಿ, ಕನ್ನಡದ ಪ್ರಸಾರವು ಕನ್ನಡಿಗರ ನಡುವೆಯೇ ಹುಟ್ಟಿತೆಂಬುದು ಇಲ್ಲಿ ಗಮನಿಸಬೇಕಾದ ಅಂಶ. 1950ರ ಜನವರಿ 8ರಂದು ಧಾರವಾಡದ ನಿಲಯವು ಆರಂಭವಾದಾಗ ಉತ್ತರ ಕರ್ನಾಟಕದ ಮಾತಿಗೂ ಹಾಡಿಗೂ ಹತ್ತಿರದಲ್ಲೇ ಒಂದು ನೆಲೆ ದೊರೆಯಿತು. ಆಗ ಧಾರವಾಡ ಜಿಲ್ಲೆಗೆ ಸೇರಿದ್ದ ನಮ್ಮ ನಾಲ್ಕು ತಾಲ್ಲೂಕುಗಳಿಗೆ ಬಾನುಲಿಯೆಂದರೆ ಧಾರವಾಡವೇ ಆಯಿತು.

ದೂರದರ್ಶನದ ಜನನ ಬೇರೆ ರೀತಿಯದು. ದೆಹಲಿಯಲ್ಲಿ 1959ರ ಸೆಪ್ಟೆಂಬರ್ 15ರಂದು ಯುನೆಸ್ಕೋ ಸಂಸ್ಥೆಯ ನೆರವಿನೊಡನೆ, ಒಂದು ಸಣ್ಣ ಪ್ರಸಾರಕವನ್ನೂ ಕೆಲವೇ ಸಮುದಾಯ ವೀಕ್ಷಣಾ ಪೆಟ್ಟಿಗೆಗಳನ್ನೂ ಇಟ್ಟುಕೊಂಡು ಪ್ರಾಯೋಗಿಕ ಪ್ರಸಾರ ನಡೆಯಿತು. 1967ರ ಜನವರಿ 26ರಂದು ದೆಹಲಿಯ ಸುತ್ತಣ ಎಂಬತ್ತು ಹಳ್ಳಿಗಳಿಗಾಗಿ 'ಕೃಷಿ ದರ್ಶನ' ಆರಂಭವಾಯಿತು. ನಗರಗಳಿಂದ ಹಳ್ಳಿಗಳ ಕಡೆಗೆ ಒಂದೊಂದೇ ಗೋಪುರವನ್ನು ಕಟ್ಟುತ್ತ ಹೋದರೆ ಈ ದೇಶದ ಲಕ್ಷಾಂತರ ಹಳ್ಳಿಗಳನ್ನು ಮುಟ್ಟಲು ದಶಕಗಳೇ ಬೇಕಾಗುವುದೆಂಬುದು ಅಷ್ಟು ಹೊತ್ತಿಗೆ ಸ್ಪಷ್ಟವಾಗಿತ್ತು. ಈ ಕ್ರಮವನ್ನು ತಿರುವುಮುರುವು ಮಾಡಿ, ಆಕಾಶದಿಂದ ನೇರವಾಗಿ ಹಿಂದುಳಿದ ಹಳ್ಳಿಗೇ ಚಿತ್ರವನ್ನು ಇಳಿಸಬೇಕೆಂಬ ಆಲೋಚನೆಯನ್ನು ಮುಂದಿಟ್ಟವರು ಡಾ. ವಿಕ್ರಮ್ ಸಾರಾಭಾಯಿ. 1969ರ ಸೆಪ್ಟೆಂಬರ್ 18ರಂದು ಭಾರತದ ಪರಮಾಣು ಶಕ್ತಿ ಇಲಾಖೆಗೂ ಅಮೆರಿಕದ ನಾಸಾ ಸಂಸ್ಥೆಗೂ ಒಪ್ಪಂದವಾಯಿತು. ಸಾರಾಭಾಯಿಯವರು 1971ರ ಡಿಸೆಂಬರ್ 30ರಂದು ತೀರಿಕೊಂಡರು. ತಾವು ಕಂಡ ಕನಸು ಹಳ್ಳಿಗೆ ಇಳಿದುದನ್ನು ನೋಡಲು ಅವರು ಉಳಿದಿರಲಿಲ್ಲ.

3

ಉಪಗ್ರಹದ ಮೂಲಕ ಬೋಧನೆ ನೀಡುವ ಈ ದೂರದರ್ಶನ ಪ್ರಯೋಗವು 'ಸೈಟ್' ಎಂಬ ಸಂಕ್ಷಿಪ್ತ ನಾಮದಿಂದ ಪ್ರಸಿದ್ಧವಾಗಿದೆ. ಇದು 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ಒಂದು ವರ್ಷ ನಡೆಯಿತು. ಆರು ರಾಜ್ಯಗಳ ಇಪ್ಪತ್ತು ಜಿಲ್ಲೆಗಳಲ್ಲಿ ಸುಮಾರು 2400 ಹಳ್ಳಿಗಳು ಇದಕ್ಕೆ ಆಯ್ಕೆಯಾದವು. ಕರ್ನಾಟಕದಿಂದ ಆಯ್ಕೆಯಾದ ಜಿಲ್ಲೆಗಳು ಬಿಜಾಪುರ, ಗುಲಬರ್ಗಾ ಮತ್ತು ರಾಯಚೂರು.

ಈ ಪ್ರಯೋಗದ ಯಾಂತ್ರಿಕ ತತ್ತ್ವವನ್ನು ಸ್ವಲ್ಪ ವಿವರಿಸುವುದು ಅವಶ್ಯ. ಏಕೆಂದರೆ ಮಿತವ್ಯಯದ ರಹಸ್ಯವು ಅದರಲ್ಲಿಯೇ ಅಡಗಿದೆ. ಅಮೆರಿಕದವರು 1974ರ ಮೇ 30ರಂದು ಹಾರಿಸಿದ ಎ.ಟಿ.ಎಸ್.-6 ಎಂಬ ಉಪಗ್ರಹದಲ್ಲಿ ಕೊಡೆಯಂತೆ ಬಿಚ್ಚಿಕೊಳ್ಳುವ, ಸುಮಾರು ಒಂಬತ್ತು ಮೀಟರು ಅಗಲದ ಆಂಟೆನಾ ಇದ್ದಿತು. ಪ್ರಯೋಗಕ್ಕಾಗಿ ಆ ಉಪಗ್ರಹವನ್ನು ಪೂರ್ವ ಆಫ್ರಿಕದ ಮೇಲಣ ಆಕಾಶಕ್ಕೆ ಸರಿಸಿ ನಿಲ್ಲಿಸಲಾಯಿತು. ಆಕಾಶದಲ್ಲಿರುವ ಆಂಟೆನಾ ದೊಡ್ಡದಾದಷ್ಟೂ ನೆಲದ ಮೇಲಿನದು ಸಣ್ಣದೂ ಸರಳವೂ ಆಗಬಹುದು. ಆದುದರಿಂದ ಹಳ್ಳಿಯ ಶಾಲೆಯ ಅಥವಾ ಪಂಚಾಯತಿಯ ಕಟ್ಟಡದ ಬಳಿ ಸುಮಾರು ಮೂರು ಮೀಟರು ಅಗಲದ ಬೋಗುಣಿಯಾಕಾರದ ಚೌಕಟ್ಟೊಂದನ್ನು ನಿಲ್ಲಿಸಿ, ಅದಕ್ಕೆ ಕೋಳಿಗೂಡಿಗೆ ಹೊದಿಸುವ ಸಾಮಾನ್ಯ ತಂತಿಜಾಲವನ್ನೇ ಹೊದಿಸಿದರೆ ಸಾಕಾಗುತ್ತಿತ್ತು. ಉಪಗ್ರಹದಿಂದ ಇಳಿಯುವ ಅಲೆಯ ಉದ್ದಕ್ಕೆ ಹೋಲಿಸಿದರೆ ಜಾಲದ ಕಣ್ಣುಗಳು ಬಹು ಚಿಕ್ಕವು. ಹೀಗಾಗಿ ಅಲೆಗೆ ಅದು ತೂತಿಲ್ಲದ ತಗಡಿನಂತೆಯೇ ವರ್ತಿಸುತ್ತದೆ, ಗಾಳಿಗೆ ಮಾತ್ರ ದಾರಿ ಬಿಡುತ್ತದೆ. ಬಿರುಗಾಳಿಯ ದಿನಗಳಲ್ಲಿ ಇದೊಂದು ದೊಡ್ಡ ಅನುಕೂಲ. ಜಾಲದಿಂದ ಒಟ್ಟುಗೂಡಿದ ಸಂಕೇತವನ್ನು ಸಾಮಾನ್ಯ ಟೆಲಿವಿಷನ್ ಪೆಟ್ಟಿಗೆಗೆ ಅರ್ಥವಾಗುವಂತೆ ಪರಿವರ್ತಿಸುವ ಪುಟ್ಟ ಸಾಧನವೊಂದನ್ನು ನಡುವೆ ಜೋಡಿಸಲಾಗಿತ್ತು. ಇವುಗಳ ವಿನ್ಯಾಸವು ಅಹಮದಾಬಾದಿನ ಬಾಹ್ಯಾಕಾಶ ಅನ್ವಯ ಕೇಂದ್ರದ ಎಂಜಿನಿಯರರದು. ಪೆಟ್ಟಿಗೆಗಳನ್ನು ತಯಾರಿಸಿದುದು ಹೈದರಾಬಾದಿನ ಇ.ಸಿ.ಐ.ಎಲ್. ಕಾರ್ಖಾನೆ. ವಿದ್ಯುತ್ತಿಲ್ಲದ ಕೆಲವು ಹಳ್ಳಿಗಳಲ್ಲಿ ಬ್ಯಾಟರಿಯಿಂದಲೂ ಪೆಟ್ಟಿಗೆ ನಡೆಯಿತು.

ಕೋಳಿಗೂಡಿನ ಜಾಲವೆಂದೊಡನೆ ಇದನ್ನು ಬಡತನದ ಕುರುಹೆಂದು ಭಾವಿಸುವುದು ಸುಲಭ. ವಸ್ತುತಃ ಇದು ಆಳವಾದ ಲೆಕ್ಕಾಚಾರದ ಫಲ. ಸಂತೆಯ ಅಂಗಡಿಯಲ್ಲಿ ದೊರೆಯುವ ವಸ್ತು ಹಳ್ಳಿಯಲ್ಲಿ ಕೆಟ್ಟರೆ ಹಳ್ಳಿಯಲ್ಲಿಯೇ ರಿಪೇರಿಯಾಗುತ್ತದೆ ಎಂಬ ಅರಿವು ಅದರ ಹಿಂದಿತ್ತು.

4

ನೋಡುವ ಸಲಕರಣೆ ಹೀಗೆ ಹಳ್ಳಿಯದಾಯಿತು. ನೋಡಿದ ಕಾರ್ಯಕ್ರಮ ಎಲ್ಲಿಯದು? ಈ ಪ್ರಶ್ನೆಯೇ ನಮ್ಮ ವಿಷಯದ ತಿರುಳು.

ಪ್ರತಿದಿನ ನಾಲ್ಕು ಗಂಟೆಗಳ ಪ್ರಸಾರವಿದ್ದಿತು: ಬೆಳಿಗ್ಗೆ ಶಾಲೆಯ ಮಕ್ಕಳಿಗಾಗಿ ಒಂದೂವರೆ ಗಂಟೆ, ಸಂಜೆ ವಯಸ್ಕರಿಗಾಗಿ ಎರಡೂವರೆ ಗಂಟೆ. ಬೆಳಗಿನ ಅವಧಿಯನ್ನು ಹಿಂದಿ, ಒರಿಯಾ, ತೆಲುಗು, ಕನ್ನಡ ಎಂಬ ನಾಲ್ಕು ಭಾಷೆಗಳಿಗೆ ಹಂಚಿದಾಗ ಕನ್ನಡದ ಮಗುವಿನ ಪಾಲಿಗೆ ಬಂದುದು ಇಪ್ಪತ್ತೆರಡೂವರೆ ನಿಮಿಷ. ಕಾರ್ಯಕ್ರಮಗಳ ನಿರ್ಮಾಣಕ್ಕಾಗಿ ದೆಹಲಿ, ಕಟಕ್ ಮತ್ತು ಹೈದರಾಬಾದುಗಳಲ್ಲಿ ಮೂರು ಕೇಂದ್ರಗಳು ಏರ್ಪಟ್ಟವು. ಕನ್ನಡದ ಕಾರ್ಯಕ್ರಮಗಳು ತೆಲುಗಿನವುಗಳೊಡನೆ ಹೈದರಾಬಾದಿನ ಕೇಂದ್ರದಲ್ಲಿ ತಯಾರಾದವು. ಉಪಗ್ರಹವು ಒಂದು ಚಿತ್ರದೊಡನೆ ಎರಡು ಧ್ವನಿಗಳನ್ನು ಕಳುಹಿಸಬಲ್ಲದಾಗಿದ್ದುದರಿಂದ ಒಂದೇ ಚಿತ್ರಕ್ಕೆ ಎರಡು ನುಡಿಗಳನ್ನು ಜೋಡಿಸುವುದು ಸಾಧ್ಯವಿದ್ದಿತು. ಹಣದ ದೃಷ್ಟಿಯಿಂದ ಇದು ಉಳಿತಾಯ. ಆದರೆ ಯಾವ ಹೊಲ, ಯಾವ ಬೆಳೆ, ಯಾವ ಉಡುಗೆ ಕಣ್ಣಿಗೆ ಬೀಳಬೇಕೆಂಬ ನಿರ್ಣಯವು ನೋಡುವವನ ಊರಿನಿಂದ ಬಹು ದೂರದಲ್ಲಿ ಆಗುತ್ತಿತ್ತು.

ಇತಿಹಾಸದ ವಿದ್ಯಾರ್ಥಿಗೆ ಇಲ್ಲಿ ಒಂದು ವೈಚಿತ್ರ್ಯ ಕಾಣದಿರದು. ಗುಲಬರ್ಗಾ, ರಾಯಚೂರು ಜಿಲ್ಲೆಗಳು ಹೈದರಾಬಾದಿನ ಆಳ್ವಿಕೆಯಿಂದ ಬಿಡುಗಡೆ ಹೊಂದಿ 1956ರ ನವೆಂಬರ್ 1ರಂದು ಕನ್ನಡ ನಾಡಿನೊಡನೆ ಒಂದುಗೂಡಿದ್ದವು. ಹತ್ತೊಂಬತ್ತು ವರ್ಷಗಳ ತರುವಾಯ ಅದೇ ಜಿಲ್ಲೆಗಳಿಗೆ ಕನ್ನಡದ ಚಿತ್ರವು ಪುನಃ ಹೈದರಾಬಾದಿನಿಂದಲೇ ಹೊರಟು, ಆಫ್ರಿಕದ ಮೇಲಿದ್ದ ಅಮೆರಿಕದ ಉಪಗ್ರಹವನ್ನು ಮುಟ್ಟಿ, ಹಳ್ಳಿಯ ತಂತಿಜಾಲಕ್ಕೆ ಇಳಿಯಿತು. ಇದರಲ್ಲಿ ಯಾರ ದುರುದ್ದೇಶವೂ ಇರಲಿಲ್ಲ. ಕರ್ನಾಟಕದಲ್ಲಿ ಆಗ ದೂರದರ್ಶನ ಕೇಂದ್ರವೇ ಇರಲಿಲ್ಲ. ಬೆಂಗಳೂರಿನ ಕೇಂದ್ರವು ಆರಂಭವಾದುದು 1981ರಲ್ಲಿ. ಆದರೂ ಕನ್ನಡ ಬಾನುಲಿಯು ಮನೆಯೊಳಗೆ ಹುಟ್ಟಿತು, ಕನ್ನಡ ದೂರದರ್ಶನವು ಹೊರನಾಡಿನಲ್ಲಿ ಹುಟ್ಟಿತು ಎಂಬ ಮಾತು ಉಳಿಯುತ್ತದೆ.

5

ಇದಕ್ಕೆ ಬೇರೆ ದಾರಿ ಇದ್ದಿತೆ? ಇದ್ದಿತೆಂಬುದಕ್ಕೆ ಗುಜರಾತಿನ ಖೇಡಾ ಜಿಲ್ಲೆಯೇ ನಿದರ್ಶನ. ಅದೇ 1975ರಲ್ಲಿ ಅಲ್ಲಿಯ ಪಿಜ್ ಎಂಬ ಗ್ರಾಮದಲ್ಲಿ ಕೇವಲ ಒಂದು ಕಿಲೋವಾಟ್ ಶಕ್ತಿಯ ಪ್ರಸಾರಕವನ್ನು ನಿಲ್ಲಿಸಲಾಯಿತು. ಅಹಮದಾಬಾದಿನ ಬಾಹ್ಯಾಕಾಶ ಅನ್ವಯ ಕೇಂದ್ರದವರು ಹೊತ್ತೊಯ್ಯಬಹುದಾದ ಸಣ್ಣ ಕ್ಯಾಮರಾ ಮತ್ತು ಅರ್ಧ ಅಂಗುಲ ಅಗಲದ ಕಾಂತಪಟ್ಟಿಯನ್ನು, ಎಂದರೆ ವಿಡಿಯೋ ಟೇಪನ್ನು, ತೆಗೆದುಕೊಂಡು ಹಳ್ಳಿಗಳಿಗೇ ಹೋದರು. ಆ ಸಲಕರಣೆಯ ಚಿತ್ರವು ದೊಡ್ಡ ಸ್ಟುಡಿಯೋಗಳ ಮಟ್ಟದ್ದಾಗಿರಲಿಲ್ಲ. ಆದರೆ ಪರದೆಯ ಮೇಲೆ ಮಾತನಾಡಿದವನು ನೆರೆಯೂರಿನವನಾಗಿದ್ದನು. ಅವನ ದೂರು ಕೂಲಿಯನ್ನು ಕುರಿತದ್ದೋ ನೀರನ್ನು ಕುರಿತದ್ದೋ ಆಗಿದ್ದಿತು. 1984ರಲ್ಲಿ ಗ್ರಾಮೀಣ ಸಂವಹನಕ್ಕಾಗಿ ಯುನೆಸ್ಕೋ ಪ್ರಶಸ್ತಿ ಖೇಡಾ ಯೋಜನೆಗೆ ಸಂದಿತು. ಇಂಥದೊಂದು ಯೋಜನೆ ಧಾರವಾಡಕ್ಕಾಗಲಿ ಗುಲಬರ್ಗಾಕ್ಕಾಗಲಿ ಬರಲಿಲ್ಲ.

1976ರ ಜುಲೈ 31ರಂದು ಪ್ರಯೋಗ ಮುಗಿಯಿತು. ಉಪಗ್ರಹವು ಅಮೆರಿಕದ ಕಡೆಗೆ ಮರಳಿತು. 1977ರಲ್ಲಿ ಗುಲಬರ್ಗಾದಲ್ಲಿ ಭೂಪ್ರಸಾರಕವೊಂದು ಆರಂಭವಾಯಿತಾದರೂ ಹಿಂದಿನ ಹಳ್ಳಿಗಳಲ್ಲಿ ಒಂದು ಭಾಗ ಮಾತ್ರ ಅದರ ವ್ಯಾಪ್ತಿಗೆ ಬಂದಿತು. ಅದಕ್ಕೂ ಕಾರ್ಯಕ್ರಮಗಳು ಹೈದರಾಬಾದಿನಲ್ಲಿಯೇ ಸಿದ್ಧವಾಗುತ್ತಿದ್ದವು. ಉಳಿದ ಹಳ್ಳಿಗಳಲ್ಲಿ ಜಾಲ ಉಳಿಯಿತು, ಚಿತ್ರ ಹೋಯಿತು. ಸಲಕರಣೆ ಎಷ್ಟೇ ಅಗ್ಗವಾಗಿರಲಿ, ಸುಲಭವಾಗಿರಲಿ, ಕಾರ್ಯಕ್ರಮವನ್ನು ತಯಾರಿಸುವ ಶಕ್ತಿಯೂ ಕಳುಹಿಸುವ ದಾರಿಯೂ ಸ್ಥಳೀಯರ ಕೈಯಲ್ಲಿಲ್ಲದಿದ್ದರೆ ಆ ಅಗ್ಗತನ ಹಳ್ಳಿಯ ಸ್ವತ್ತಾಗುವುದಿಲ್ಲ ಎಂಬ ಪಾಠವನ್ನು ಈ ಘಟನೆಯಿಂದ ಗ್ರಹಿಸಬಹುದು.

6

ಈಗ ನಮ್ಮ ನಾಲ್ಕು ತಾಲ್ಲೂಕುಗಳ ಕಡೆಗೆ ತಿರುಗೋಣ. 1975ರಲ್ಲಿ ಇವು ಧಾರವಾಡ ಜಿಲ್ಲೆಯಲ್ಲಿದ್ದವು. ಹಾವೇರಿ ಜಿಲ್ಲೆಯು ರಚಿತವಾದುದು 1997ರಲ್ಲಿ. ಆಗಿನ ಧಾರವಾಡ ಜಿಲ್ಲೆಯ ಎಲ್ಲೆಯು ಬಿಜಾಪುರ, ರಾಯಚೂರು ಜಿಲ್ಲೆಗಳಿಗೆ ತಾಗಿಕೊಂಡಿದ್ದಿತು. ಹಿಂದುಳಿದಿರುವಿಕೆಯನ್ನೂ ನಿರ್ವಹಣೆಯ ಅನುಕೂಲವನ್ನೂ ಮುಖ್ಯ ಅಳತೆಗೋಲಾಗಿ ಇಟ್ಟುಕೊಂಡು ಜಿಲ್ಲೆಗಳನ್ನು ಗುಂಪುಗಟ್ಟಿದ್ದರಿಂದ ಧಾರವಾಡವು ಪ್ರಯೋಗದ ಹೊರಗುಳಿಯಿತು. ನೆರೆಯ ಜಿಲ್ಲೆಯಲ್ಲಿ ಆಕಾಶದಿಂದ ಚಿತ್ರ ಇಳಿಯುತ್ತಿದ್ದ ವರ್ಷದಲ್ಲಿ ಇಲ್ಲಿಯ ಜನಕ್ಕೆ ಧಾರವಾಡದ ಬಾನುಲಿಯೇ ಆಧಾರ.

ಈ ನಾಲ್ಕು ತಾಲ್ಲೂಕುಗಳು ನೆರೆಹೊರೆಯವಾದರೂ ಒಂದೇ ಬಗೆಯವಲ್ಲ. ಮಲೆನಾಡಿನ ಸೆರಗಿನಲ್ಲಿರುವ ಹಾನಗಲ್ಲು ಭತ್ತದ ಸೀಮೆ. ಸವಣೂರು ವೀಳ್ಯದೆಲೆಗೆ ಹೆಸರಾದುದು. ಹಿರೇಕೆರೂರು ಸೀಮೆಯಲ್ಲಿ ಕುಮುದ್ವತಿಗೆ ಕಟ್ಟಿದ ಮದಗ-ಮಾಸೂರು ಕೆರೆಯಿದೆ. ಶಿಗ್ಗಾವಿಯದು ಶಿಶುನಾಳ ಷರೀಫರ ನೆಲ. ಹೈದರಾಬಾದಿನಿಂದಾಗಲಿ, ಮುಂದೆ ಬೆಂಗಳೂರಿನಿಂದಾಗಲಿ, ನಾಡಿಗೆಲ್ಲ ಒಂದಾಗಿ ಹೊರಡುವ ಕೃಷಿ ಕಾರ್ಯಕ್ರಮವೊಂದು ಎಲೆಬಳ್ಳಿಯ ತೋಟದವನಿಗೂ ಭತ್ತದ ಗದ್ದೆಯವನಿಗೂ ಸಮನಾಗಿ ಒದಗುವುದು ಕಷ್ಟ. ಖೇಡಾದಂತಹ ಸಣ್ಣ ಪ್ರಸಾರವು ಅತ್ಯಂತ ಉಪಯುಕ್ತವಾಗಬಹುದಾಗಿದ್ದುದು ಇಂತಹ ಸೀಮೆಯಲ್ಲಿಯೇ.

ಸ್ಥಳೀಯ ದೂರದರ್ಶನವು ಈ ಕಡೆಯ ಊರುಗಳಿಗೆ ಕೊನೆಗೆ ಬಂದುದು ಸರಕಾರದ ಯೋಜನೆಯಿಂದಲ್ಲ. 1990ರ ದಶಕದಲ್ಲಿ ತಾಲ್ಲೂಕು ಪಟ್ಟಣಗಳಲ್ಲಿ ಕೇಬಲ್ ತಂತಿಗಳು ಕಂಬದಿಂದ ಕಂಬಕ್ಕೆ, ಮಾಳಿಗೆಯಿಂದ ಮಾಳಿಗೆಗೆ ಹಬ್ಬಿದವು. ಮಾಳಿಗೆಯ ಮೇಲೆ ಬೋಗುಣಿಯಾಕಾರದ ಆಂಟೆನಾ, ಕೆಳಗಿನ ಕೋಣೆಯಲ್ಲಿ ಒಂದೆರಡು ವಿ.ಸಿ.ಆರ್. ಯಂತ್ರ, ಮದುವೆಗೆ ಬಾಡಿಗೆಗೆ ಹೋಗುವ ಕ್ಯಾಮರಾ, ಇಷ್ಟೇ ಅದರ ಬಂಡವಾಳ. ಜಾತ್ರೆ, ರಥೋತ್ಸವ, ಉರುಸು, ದೊಡ್ಡಾಟ, ಶಾಲೆಯ ವಾರ್ಷಿಕೋತ್ಸವ, ಇವು ಅದೇ ಕ್ಯಾಮರಾದಲ್ಲಿ ಸೆರೆಯಾಗಿ ಅದೇ ತಂತಿಯಲ್ಲಿ ಊರವರ ಮನೆಗಳಿಗೆ ಹರಿದವು. 1995ರ ಕೇಬಲ್ ಕಾಯಿದೆಯಿಂದ ಈ ಉದ್ಯೋಗಕ್ಕೆ ಒಂದು ನಿಯಮ ಬಂದಿತು. ಪಂಡಿತರು ಇದನ್ನು ದೂರದರ್ಶನವೆಂದು ಗಣಿಸಲಿಲ್ಲ. ಆದರೆ ಊರಿನವರು ಊರಿನವರಿಗಾಗಿ, ದೊರೆತ ಸಲಕರಣೆಯಿಂದಲೇ ತಯಾರಿಸಿದ ಕನ್ನಡ ದೂರದರ್ಶನವೆಂದರೆ ಇದೇ ಆಗಿದೆ.

ಬಾನುಲಿಯ ಕ್ಷೇತ್ರದಲ್ಲಿಯೂ ಇಂತಹುದೇ ಒಂದು ಯತ್ನ ನಡೆಯಿತು. ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ 2001ರಲ್ಲಿ ಆರಂಭವಾದ 'ನಮ್ಮ ಧ್ವನಿ'ಯವರು, ಅಲೆಯ ಮೂಲಕ ಪ್ರಸಾರ ಮಾಡಲು ಅನುಮತಿಯಿಲ್ಲದ ಕಾಲದಲ್ಲಿ, ಟೆಲಿವಿಷನ್ನಿನ ಕೇಬಲ್ ತಂತಿಯಲ್ಲಿಯೇ ತಮ್ಮ ಧ್ವನಿಯನ್ನು ಮನೆಮನೆಗೆ ಮುಟ್ಟಿಸಿದರು. ಸರಕಾರೇತರ ಸಂಸ್ಥೆಗಳಿಗೆ ಸಮುದಾಯ ಬಾನುಲಿಯ ಅವಕಾಶ ದೊರೆತುದು 2006ರಲ್ಲಿ.

7

ಮೇಲಿನ ವಿವೇಚನೆಯಿಂದ ಫಲಿಸುವ ಅಂಶ ಇಷ್ಟು: ಅಗ್ಗದ ಸಲಕರಣೆಯ ಇತಿಹಾಸದಲ್ಲಿ ಎರಡು ಬಗೆಗಳಿವೆ. ಒಂದು, ಮೇಲಿನವರು ಯೋಚಿಸಿ ಹಳ್ಳಿಗೆ ಕೊಟ್ಟ ಅಗ್ಗತನ, ಅದು ತಂತಿಜಾಲದ್ದು. ಇನ್ನೊಂದು, ಊರಿನವರೇ ಹೊಂದಿಸಿಕೊಂಡ ಅಗ್ಗತನ. ಅದು ಕೇಬಲ್ ಕೋಣೆಯದು. ಮೊದಲನೆಯದಕ್ಕೆ ವರದಿಗಳಿವೆ, ಸಮೀಕ್ಷೆಗಳಿವೆ, ಹಳ್ಳಿಗಳಲ್ಲಿ ನೆಲೆಸಿ ಮಾನವಶಾಸ್ತ್ರಜ್ಞರು ಬರೆದ ಅಧ್ಯಯನಗಳಿವೆ. ಎರಡನೆಯದಕ್ಕೆ ಉಳಿದಿರುವುದು ಕಪಾಟುಗಳಲ್ಲಿ ಬೂಷ್ಟು ಹಿಡಿಯುತ್ತಿರುವ ಕೆಲವು ವಿಡಿಯೋ ಕ್ಯಾಸೆಟ್ಟುಗಳು ಮಾತ್ರ. ಕಾಂತಪಟ್ಟಿಯ ಆಯುಸ್ಸು ಕಲ್ಲಿನದಲ್ಲ. ತೇವಕ್ಕೂ ಧೂಳಿಗೂ ಅದು ಬೇಗನೆ ಬಲಿಯಾಗುತ್ತದೆ. ಅನೇಕ ಕ್ಯಾಸೆಟ್ಟುಗಳ ಮೇಲೆ ಹಳೆಯ ಜಾತ್ರೆಯನ್ನು ಅಳಿಸಿ ಹೊಸ ಮದುವೆಯನ್ನು ಚಿತ್ರಿಸಿರುವುದೂ ಉಂಟು; ಖರ್ಚು ಉಳಿಸುವ ರೀತಿಯೇ ಆಧಾರವನ್ನು ನುಂಗಿದೆ.

ಆದಕಾರಣ ಈ ನಾಲ್ಕು ತಾಲ್ಲೂಕುಗಳಲ್ಲಿ ಶಾಸನ ಸಮೀಕ್ಷೆಗೆ ಹೊರಡುವ ನಮ್ಮ ವಿದ್ಯಾರ್ಥಿಗಳು ದೇವಾಲಯದ ಪ್ರಾಕಾರದಿಂದ ಹೊರಬಂದ ಮೇಲೆ ಪೇಟೆಯ ಹಳೆಯ ಕೇಬಲ್ ಕಚೇರಿಯ ಮೆಟ್ಟಿಲನ್ನೂ ಹತ್ತಬೇಕೆಂದು ಸೂಚಿಸಬಯಸುತ್ತೇನೆ. ಕ್ಯಾಮರಾ ಹಿಡಿದವರ, ತಂತಿ ಎಳೆದವರ ಹೇಳಿಕೆಗಳನ್ನು ಅವರು ಬದುಕಿರುವಾಗಲೇ ಬರೆದುಕೊಳ್ಳಬೇಕು. ಉಳಿದ ಕ್ಯಾಸೆಟ್ಟುಗಳ ಪಟ್ಟಿ ಮಾಡಿ, ಒಡೆಯರ ಒಪ್ಪಿಗೆಯಿಂದ ಪ್ರತಿ ತೆಗೆದಿರಿಸಬೇಕು. ಶಿಲಾಶಾಸನವು ಇನ್ನೂ ಹತ್ತು ವರ್ಷ ನಮಗಾಗಿ ಕಾದೀತು. ಕಾಂತಪಟ್ಟಿ ಕಾಯಲಾರದು.