ಕ್ರಿ. ಶ. 1623ರ ಒಂದು ಕರಾವಳಿಯ ಯಾತ್ರೆ

ದೇಶಾಟನವು ಜ್ಞಾನಕ್ಕೆ ಸಾಧನವೆಂದು ಹಿರಿಯರು ಹೇಳುತ್ತ ಬಂದಿರುವರು. ಆದರೆ ಅಟನಮಾತ್ರದಿಂದಲೇ ಪಾಂಡಿತ್ಯವು ಲಭಿಸುವಂತಿದ್ದರೆ, ಮೆಣಸಿನ ಹೇರುಗಳನ್ನು ಹೊತ್ತು ವರ್ಷವರ್ಷವೂ ಘಟ್ಟವನ್ನು ಏರಿಳಿಯುತ್ತಿದ್ದ ಎತ್ತುಗಳು ಮಹಾಪಂಡಿತರಾಗಬೇಕಾಗಿದ್ದಿತು. ನೋಡುವ ಕಣ್ಣು, ನೋಡಿದುದನ್ನು ನೆನೆದಿಡುವ ಮನಸ್ಸು, ನೆನೆದುದನ್ನು ಒರೆಗೆ ಹಚ್ಚುವ ವಿವೇಕ, ಈ ಮೂರೂ ಕೂಡಿದಾಗಲೇ ಯಾತ್ರೆಯು ಸಫಲವಾಗುವುದು.

ಮಳೆಗಾಲ ಕಳೆದೊಡನೆ ಶಾಲೆಯ ಮಕ್ಕಳೂ ಸಂಸಾರಸ್ಥರೂ ತಂಡತಂಡವಾಗಿ ಬಸ್ಸುಗಳಲ್ಲಿಯೂ, 1998ರಲ್ಲಿ ಪೂರ್ಣವಾಗಿ ತೆರೆದ ಕೊಂಕಣ ರೈಲುಮಾರ್ಗದಲ್ಲಿಯೂ ಕನ್ನಡ ಕರಾವಳಿಗೆ ಬರುವುದು ಈಗ ವಾಡಿಕೆಯಾಗಿದೆ. ಮುರುಡೇಶ್ವರದ ಕಡಲು, ಜೋಗದ ಜಲಪಾತ, 2020ರಲ್ಲಿ ನೀಲಧ್ವಜದ ಗೌರವವನ್ನು ಪಡೆದ ಕಾಸರಕೋಡು ಪಡುಬಿದ್ರಿಗಳ ಮರಳದಂಡೆ, ಇವುಗಳನ್ನು ಕಂಡು ಅವರು ಸಂತೋಷದಿಂದ ಹಿಂದಿರುಗುವರು. ನಾಲ್ಕು ಶತಮಾನಗಳ ಹಿಂದೆ, ಇಂತಹುದೇ ಮಳೆಗಾಲದ ಕೊನೆಯಲ್ಲಿ, ಇದೇ ಹಾದಿಯಲ್ಲಿ ಮತ್ತೊಂದು ತಂಡವು ಸಾಗಿದ್ದಿತು. ಆ ತಂಡದಲ್ಲಿದ್ದ ಒಬ್ಬನು ತಾನು ಕಂಡುದನ್ನೆಲ್ಲ ಬರೆದಿಟ್ಟುದರಿಂದ ಕರಾವಳಿಯ ಚರಿತ್ರೆಯ ಒಂದು ಪ್ರಮುಖ ಅಧ್ಯಾಯವು ಉಳಿದುಬಂದಿತು. ಅವನ ಹಾದಿಯನ್ನು ಅನುಸರಿಸಿ ನೋಡುವುದು ಇಂದಿನ ಯಾತ್ರಿಕರಿಗೂ ಪ್ರಯೋಜನಕರವಾದುದು.

ಈತನ ಹೆಸರು ಪಿಯೆತ್ರೋ ದೆಲ್ಲಾ ವಾಲ್ಲೆ. 1586ರಲ್ಲಿ ರೋಮಾಪುರದ ಕುಲೀನ ಮನೆತನದಲ್ಲಿ ಹುಟ್ಟಿದ ಈತನು 1614ರಲ್ಲಿ ವೆನಿಸ್ಸಿನಿಂದ ಹೊರಟು ತುರ್ಕಿ, ಈಜಿಪ್ತ, ಪಾರಸಿಕ ದೇಶಗಳನ್ನು ಸುತ್ತಿದನು. ಬಾಗ್ದಾದಿನಲ್ಲಿ ಮಆನೀ ಎಂಬ ಕ್ರೈಸ್ತ ಕನ್ಯೆಯನ್ನು ವರಿಸಿದನು. 1621ರಲ್ಲಿ ಪಾರಸಿಕದ ಕಡಲದಂಡೆಯ ಸಮೀಪದಲ್ಲಿ ಆಕೆ ತೀರಿಕೊಂಡಳು. ಮಣ್ಣುಮಾಡಲು ಮನಸ್ಸೊಪ್ಪದೆ ಆ ದೇಹವನ್ನು ಕೆಡದಂತೆ ಪೆಟ್ಟಿಗೆಯಲ್ಲಿ ರಕ್ಷಿಸಿ, ತನ್ನೊಡನೆ ಗೋವೆಯವರೆಗೂ ತಂದು, ಕಡೆಗೆ 1627ರಲ್ಲಿ ರೋಮಿನ ತನ್ನ ವಂಶದ ಸಮಾಧಿಯಲ್ಲಿ ಇಟ್ಟನು. ಭರತಖಂಡಕ್ಕೆ ಬಂದುದು 1623ರಲ್ಲಿ. ನೇಪಲ್ಸ್ ನಗರದ ಒಬ್ಬ ವೈದ್ಯಮಿತ್ರನಿಗೆ ಆತನು ಬರೆದ ದೀರ್ಘಪತ್ರಗಳೇ ಅವನ ಪ್ರವಾಸಗ್ರಂಥ. ಹಿಂದೂದೇಶವನ್ನು ಕುರಿತ ಭಾಗವು ಅವನು ಗತಿಸಿದ ಮೇಲೆ, 1663ರಲ್ಲಿ, ಅಚ್ಚಾಯಿತು.

ಆಗ ಇಕ್ಕೇರಿಯಲ್ಲಿ ಕೆಳದಿಯ ವೆಂಕಟಪ್ಪನಾಯಕನು ಪ್ರಬಲನಾಗಿದ್ದನು. ಘಟ್ಟದ ಕೆಳಗಿನ ಸಣ್ಣ ಅರಸರನ್ನು ಒಬ್ಬೊಬ್ಬರನ್ನಾಗಿ ಅಡಗಿಸಿ, ಮೆಣಸಿನ ವ್ಯಾಪಾರದ ಕೀಲಿಯನ್ನು ತನ್ನ ಕೈಯಲ್ಲಿ ಹಿಡಿದಿದ್ದನು. ಮೆಣಸಿಗೋಸ್ಕರವಾಗಿಯೇ ಕಡಲನ್ನು ದಾಟಿಬಂದ ಪೋರ್ತುಗೀಜರಿಗೆ ಈತನ ಸ್ನೇಹವೂ ಬೇಕು, ಈತನಿಂದ ರಾಜ್ಯವನ್ನು ಕಳೆದುಕೊಂಡು ತಮ್ಮನ್ನು ಆಶ್ರಯಿಸಿದ್ದ ಮಂಗಳೂರು ಸೀಮೆಯ ಬಂಗರಸನ ಪಕ್ಷವೂ ಬೇಕು. ಈ ಇಕ್ಕಟ್ಟನ್ನು ಬಿಡಿಸಲೆಂದು ಗೋವೆಯಿಂದ ಒಬ್ಬ ರಾಯಭಾರಿಯು ಇಕ್ಕೇರಿಗೆ ಹೊರಟನು. ನಾಯಕನ ಪ್ರತಿನಿಧಿಯಾಗಿ ಗೋವೆಗೆ ಬಂದಿದ್ದ ವಿಠಲ ಶೆಣೈ ಎಂಬ ಬ್ರಾಹ್ಮಣನೂ ಅದೇ ಪ್ರಯಾಣದಲ್ಲಿ ಹಿಂದಿರುಗುತ್ತಿದ್ದನು. ಹಿಂದೂ ಅರಸರ ಸೀಮೆಯನ್ನು ಅವರದೇ ಆಳಿಕೆಯಲ್ಲಿ ನೋಡಬೇಕೆಂಬ ಆಸೆಯಿಂದ ಪಿಯೆತ್ರೋ ಈ ಪರಿವಾರದಲ್ಲಿ ಸೇರಿಕೊಂಡನು. ರಾಜಕಾರ್ಯದ ಭಾರವಿಲ್ಲದವನಾದುದರಿಂದ ಅವನಿಗೆ ನೋಡುವುದಕ್ಕೂ ಬರೆಯುವುದಕ್ಕೂ ಬೇಕಾದಷ್ಟು ಬಿಡುವಿದ್ದಿತು.

ಅಕ್ಟೋಬರಿನಲ್ಲಿ ಹೊರಟ ತಂಡವು ಮೊದಲು ಹೊನ್ನಾವರದಲ್ಲಿ ಇಳಿಯಿತು. ಅಲ್ಲಿಯ ಕೋಟೆಯು ಅಂದು ಪೋರ್ತುಗೀಜರ ಕೈಯಲ್ಲಿದ್ದಿತು. ಹೊನ್ನಾವರವು ಅದಕ್ಕೂ ಮುಂಚಿನಿಂದ ಪ್ರಸಿದ್ಧವಾದ ರೇವುಪಟ್ಟಣ. ಹದಿನಾಲ್ಕನೆಯ ಶತಮಾನದಲ್ಲಿ ಇಲ್ಲಿಗೆ ಬಂದ ಮೊರಾಕೋ ದೇಶದ ಇಬ್ನ್ ಬತೂತನು ಈ ಪಟ್ಟಣದಲ್ಲಿ ಹುಡುಗರಿಗೆ 23, ಹುಡುಗಿಯರಿಗೆ 13 ಪಾಠಶಾಲೆಗಳನ್ನು ಕಂಡುದಾಗಿ ಬರೆದಿರುವನು. ಆರುನೂರು ವರ್ಷಗಳಿಗೂ ಹಿಂದೆ ಒಂದು ಕನ್ನಡ ರೇವಿನಲ್ಲಿ ಹೆಣ್ಣುಮಕ್ಕಳಿಗಾಗಿ ಹದಿಮೂರು ಶಾಲೆಗಳು! ಹೊನ್ನಾವರದ ಸೇತುವೆಯನ್ನು ದಾಟಿಹೋಗುವ ಪ್ರವಾಸಿಗರಲ್ಲಿ ಇದನ್ನು ಬಲ್ಲವರು ಎಷ್ಟು ಮಂದಿ?

ಹೊನ್ನಾವರದಿಂದ ದೋಣಿಯೇರಿ ಶರಾವತಿಯ ಮೇಲ್ದಿಕ್ಕಿಗೆ ಸಾಗಿ ತಂಡವು ಗೇರುಸೊಪ್ಪೆಯನ್ನು ಮುಟ್ಟಿತು. ಎರಡು ದಡಗಳಲ್ಲಿಯೂ ದಟ್ಟವಾದ ಹಸುರು, ನಡುವೆ ತಿಳಿನೀರು. ಪೂರ್ವಪಶ್ಚಿಮದ ಎಷ್ಟೋ ನದಿಗಳನ್ನು ಕಂಡಿದ್ದ ರೋಮನ್ ಯಾತ್ರಿಕನು ಈ ನದಿಯನ್ನು ಬಹಳವಾಗಿ ಕೊಂಡಾಡಿರುವನು. ಊರನ್ನು ಕಂಡೊಡನೆ ಅವನ ಬರೆಹದ ಧ್ವನಿಯು ಬದಲಾಗುವುದು. ಒಂದು ಕಾಲಕ್ಕೆ ರಾಣಿಯ ರಾಜಧಾನಿಯಾಗಿ ಮೆರೆದ ನಗರವು ಆಗಲೇ ಹಾಳಾಗಿದ್ದಿತು. ಅರಮನೆಯ ಸ್ಥಳದಲ್ಲಿ ಮರಗಳು ಬೆಳೆದಿದ್ದುವು. ಉಳಿದಿದ್ದುದು ಕೆಲವು ಗುಡಿಸಲುಗಳು ಮಾತ್ರ. ಸುಮಾರು 1552ರಿಂದ 1606ರವರೆಗೆ ಇಲ್ಲಿ ಆಳಿದವಳು ಸಾಳುವ ವಂಶದ ಚೆನ್ನಭೈರಾದೇವಿ; ಪೋರ್ತುಗೀಜರ ಬಾಯಲ್ಲಿ ‘ಮೆಣಸಿನ ರಾಣಿ’. ಅವಳ ರಾಜ್ಯವನ್ನು ನುಂಗಿದವನು ಯಾವ ವೆಂಕಟಪ್ಪನಾಯಕನನ್ನು ನೋಡಲು ಈ ತಂಡವು ಹೊರಟಿದ್ದಿತೋ ಅವನೇ. ಹದಿನೇಳು ಹದಿನೆಂಟು ವರ್ಷಗಳಲ್ಲಿ ಕಾಡು ನಗರವನ್ನು ಆಕ್ರಮಿಸಿಬಿಟ್ಟಿದ್ದಿತು. ನಗರಬಸ್ತಿಕೇರಿಯ ಚತುರ್ಮುಖ ಬಸದಿಯು ಇಂದಿಗೂ ಅರಣ್ಯಮಧ್ಯದಲ್ಲಿ ನಿಂತು ಆ ವೈಭವಕ್ಕೆ ಸಾಕ್ಷಿ ನುಡಿಯುತ್ತಿದೆ.

ಗೇರುಸೊಪ್ಪೆಯಿಂದ ಘಟ್ಟದ ಹಾದಿ. ಈ ಹಾದಿಯಲ್ಲಿ ಒಂದು ದೇವಾಲಯದ ಮುಖಮಂಟಪದಲ್ಲಿ ಪಿಯೆತ್ರೋ ಕಂಡ ದೃಶ್ಯವು ಇಡೀ ಯಾತ್ರೆಯ ಸಾರವೆಂದರೂ ಸಲ್ಲುವುದು. ನಾಲ್ವರು ಬಾಲಕರು ನೆಲದ ಮೇಲೆ ನುಣ್ಣನೆಯ ಮರಳನ್ನು ಹರಡಿ ಕುಳಿತು ಗಣಿತಪಾಠವನ್ನು ಒಪ್ಪಿಸುತ್ತಿದ್ದರು. ಒಬ್ಬನು ರಾಗವಾಗಿ ಒಂದು ಸಾಲನ್ನು ಹೇಳುತ್ತ ಅದರ ಅಂಕಿಯನ್ನು ಬೆರಳಿನಿಂದ ಮರಳಿನಲ್ಲಿ ಬರೆಯುವನು. ಮಿಕ್ಕ ಮೂವರೂ ಅದನ್ನೇ ಹಾಡುತ್ತ ಬರೆಯುವರು. ಮರಳು ತುಂಬಿದೊಡನೆ ಅಳಿಸಿ ಮುಂದಿನ ಸಾಲು. ಮೊದಲನೆಯ ಸಾಲನ್ನು ಓದಿದೊಡನೆ ಅದು ಮಗ್ಗಿಯೆಂಬುದು ಕನ್ನಡ ಶಾಲೆಯ ಹಲಗೆಯನ್ನು ಹಿಡಿದ ಯಾರಿಗೂ ತಿಳಿಯುವುದು. ಹತ್ತಿರದಲ್ಲಿ ಉಪಾಧ್ಯಾಯರಿರಲಿಲ್ಲ. ಯಾರಾದರೂ ಮರೆತರೆ, ಅಥವಾ ತಪ್ಪು ಬರೆದರೆ, ತಿದ್ದುವವರಾರು ಎಂದು ವಿದೇಶೀಯನು ಕೇಳಿದನು. ನಾಲ್ವರೂ ಏಕಕಾಲದಲ್ಲಿ ಒಂದೇ ಸ್ಥಳದಲ್ಲಿ ಮರೆಯುವುದಾಗಲಿ ತಪ್ಪುವುದಾಗಲಿ ಸಂಭವಿಸದೆಂದೂ, ಆದುದರಿಂದ ಒಬ್ಬರನ್ನೊಬ್ಬರು ತಿದ್ದಿಕೊಳ್ಳುವರೆಂದೂ ಮಕ್ಕಳು ಉತ್ತರವಿತ್ತರು. ಈ ಪದ್ಧತಿಯ ಸುಲಭತೆಗೂ ದೃಢತೆಗೂ ಆತನು ಬೆರಗಾದನು. ಮುಂದೆ ಮದರಾಸಿನಲ್ಲಿ ಇಂತಹುದೇ ಮರಳ ಬರೆಹವನ್ನು ಕಂಡ ಪಾದ್ರಿ ಆಂಡ್ರೂ ಬೆಲ್ಲನು, ಮಕ್ಕಳಿಂದಲೇ ಮಕ್ಕಳಿಗೆ ಕಲಿಸುವ ಕ್ರಮವನ್ನು ಕುರಿತು 1797ರಲ್ಲಿ ಇಂಗ್ಲೆಂಡಿನಲ್ಲಿ ಪುಸ್ತಕವನ್ನು ಪ್ರಕಟಿಸಿದನೆಂಬುದು ವಿದ್ಯಾಭ್ಯಾಸದ ಚರಿತ್ರೆಯಲ್ಲಿ ಪ್ರಸಿದ್ಧವಾಗಿದೆ.

ನವೆಂಬರಿನಲ್ಲಿ ತಂಡವು ಇಕ್ಕೇರಿಯಲ್ಲಿ ಬಿಡಾರ ಮಾಡಿತು. ದಟ್ಟವಾಗಿ ನೆಟ್ಟ ಬಿದಿರಿನ ಬೇಲಿಗಳು, ಒಂದರೊಳಗೊಂದು ಬಾಗಿಲುಗಳು, ಸಂಜೆಯ ಉತ್ಸವಗಳು, ಅಘೋರೇಶ್ವರನ ಗುಡಿ, ಅಲ್ಲಿಯ ಅನೇಕ ಬಾಹುಗಳುಳ್ಳ ಮೂರ್ತಿ, ಇವೆಲ್ಲವನ್ನೂ ಪಿಯೆತ್ರೋ ವಿವರವಾಗಿ ಬಣ್ಣಿಸಿರುವನು. ರಾಜಧಾನಿಯು ಅನಂತರ ಬಿದನೂರಿಗೆ ಸಾಗಿತು. ಆತನು ಕಂಡ ಮೂರ್ತಿಯು ಈಗಿಲ್ಲ. ವಿಶಾಲವಾದ ಪೀಠವು ಮಾತ್ರ ಉಳಿದಿದೆ. ಗರ್ಭಗೃಹಕ್ಕೆ ಎದುರಾಗಿ ನೆಲದಲ್ಲಿ ದಂಡಪ್ರಣಾಮ ಮಾಡುತ್ತಿರುವ ಮೂವರು ನಾಯಕರ ಆಕೃತಿಗಳನ್ನು ಇಂದಿನ ಯಾತ್ರಿಕರೂ ನೋಡಬಹುದು.

ಇಕ್ಕೇರಿಯಲ್ಲಿಯೇ ಆತನು ಮತ್ತೊಬ್ಬ ವ್ಯಕ್ತಿಯನ್ನು ಕಂಡನು. ಆಕೆ ಅರಸಿಯಲ್ಲ, ತೆಲುಗುದೇಶದ ಒಬ್ಬ ವಾದ್ಯಗಾರನ ವಿಧವೆ. ಆತನ ಬರೆಹದಲ್ಲಿರುವ ಹೆಸರನ್ನು ಜಕ್ಕಮ್ಮ ಎಂದು ಓದಬಹುದು. ಆಕೆ ಸಹಗಮನಕ್ಕೆ ನಿಶ್ಚಯಿಸಿದ್ದಾಳೆಂದು ಕೇಳಿ ಆಕೆಯ ಮನೆಗೆ ಹೋಗಿ, ಎಳೆಯ ಮಕ್ಕಳ ಗತಿಯೇನೆಂದು ಕೇಳಿ, ನಾನಾ ವಿಧವಾಗಿ ತಡೆಯಲೆತ್ತಿಸಿದನು. ಯಾರ ಬಲವಂತವೂ ಇಲ್ಲ, ಇದು ತನ್ನ ಇಚ್ಛೆ ಎಂದು ಆಕೆ ಪ್ರಸನ್ನಮುಖಿಯಾಗಿ ಹೇಳಿದಳು. ನಿನ್ನ ಹೆಸರು ಅಳಿಯದಂತೆ ಬರೆದಿಡುವೆನೆಂದು ಮಾತುಕೊಟ್ಟು ಆತನು ಹೊರಬಂದನು. ಹೆಂಡತಿಯ ದೇಹವನ್ನು ಅಗಲಲಾರದೆ ಪೆಟ್ಟಿಗೆಯಲ್ಲಿ ತಂದ ಗಂಡನು, ಗಂಡನಿಲ್ಲದೆ ಬಾಳಲಾರೆನೆಂದ ಹೆಂಗಸಿನೆದುರು ಕುಳಿತಿದ್ದ ಈ ಸಂದರ್ಭವು ಓದುವವರ ಎದೆಯನ್ನು ಕಲಕುವುದು. ಕೊಟ್ಟ ಮಾತನ್ನು ಆತನು ನಡೆಸಿದನು. ಆಗಿನ ಎಷ್ಟೋ ಪಾಳೆಯಗಾರರ ಹೆಸರುಗಳು ಅಳಿದುಹೋಗಿದ್ದರೂ ಆ ವಾದ್ಯಗಾರನ ಹೆಂಡತಿಯ ಹೆಸರು ಉಳಿದಿದೆ.

ಇಕ್ಕೇರಿಯಿಂದ ಘಟ್ಟವಿಳಿದು ಬಸರೂರು, ಅಲ್ಲಿಂದ ಕಡಲಮಾರ್ಗವಾಗಿ ಮಂಗಳೂರು. ಬಸರೂರಿನಲ್ಲಿ ನಾಡವರ ಪಟ್ಟಣವೇ ಬೇರೆ, ಪೋರ್ತುಗೀಜರ ಕೋಟೆಯೇ ಬೇರೆಯಾಗಿದ್ದುದನ್ನು ಆತನು ಗುರುತಿಸಿರುವನು. 1665ರಲ್ಲಿ ಶಿವಾಜಿಯು ನೌಕಾಸೈನ್ಯದೊಡನೆ ಬಂದು ಸೂರೆಗೊಂಡುದು ಈ ಬಸರೂರನ್ನೇ.

ಡಿಸೆಂಬರಿನಲ್ಲಿ ಪಿಯೆತ್ರೋ ಮಂಗಳೂರಿನಿಂದ ಮಣೇಲಿಗೆ ಹೋದುದು ಉಳ್ಳಾಲದ ರಾಣಿಯನ್ನು ಕಾಣುವುದಕ್ಕಾಗಿ. ಆತನು ಕೊಟ್ಟಿರುವ ಹೆಸರನ್ನು ಅಬ್ಬಕ್ಕದೇವಿ ಚೌಟ ಎಂದು ತಿಳಿಯಬಹುದು. ಒಡ್ಡೋಲಗದಲ್ಲಿ ಕಾಣುವೆನೆಂದು ಭಾವಿಸಿದ್ದ ಅರಸಿಯು ದಾರಿಯಲ್ಲಿಯೇ ಎದುರಾದಳು. ಬರಿಯ ಕಾಲು, ಸಾಧಾರಣವಾದ ಬಿಳಿಯ ಹತ್ತಿಯ ಬಟ್ಟೆ, ಮೇಲೆ ಎಲೆಯ ಕೊಡೆ. ಗದ್ದೆಗಳಿಗೆ ನೀರುಣಿಸಲು ತೋಡಿಸುತ್ತಿದ್ದ ಕಾಲುವೆಗಳ ಕೆಲಸವನ್ನು ತಾನೇ ನೋಡಿಬರಲು ಹೊರಟಿದ್ದಳು. ಆಕೆಯ ಬಣ್ಣವನ್ನೂ ಉಡುಗೆಯನ್ನೂ ಕುರಿತು ರೋಮನ್ ಕುಲೀನನು ಬರೆದ ಮಾತುಗಳು ಗೌರವದವಲ್ಲ. ಆದರೆ ಆಕೆ ಮಾತನಾಡತೊಡಗಿದೊಡನೆ ಆ ಕಂಠದ ಮಾಧುರ್ಯವನ್ನೂ ನುಡಿಯ ಜಾಣ್ಮೆಯನ್ನೂ ಆತನು ಮೆಚ್ಚದಿರಲಾರದೆ ಹೋದನು. ಇಷ್ಟು ದೇಶಗಳನ್ನು ಅಲೆಯುವುದಕ್ಕೆ ಪ್ರೇಮದ ವಿಫಲತೆಯೋ, ಆತ್ಮೀಯರ ಮರಣವೋ ಕಾರಣವಾಗಿರಬೇಕಲ್ಲವೆ ಎಂದು ಆಕೆ ವಿಚಾರಿಸಿದಳು. ಆತನು ನಿಜವನ್ನು ಮರೆಮಾಚಿ, ನಾನಾ ದೇಶಗಳ ನಡೆನುಡಿಗಳನ್ನು ನೋಡುವ ಕುತೂಹಲವೇ ಕಾರಣವೆಂದನು. ಅಪರಿಚಿತನ ಮುಖವನ್ನು ನೋಡಿಯೇ ಅವನ ಶೋಕವನ್ನು ಅರಿತ ಅರಸಿಯ ಸೂಕ್ಷ್ಮದೃಷ್ಟಿಗೆ ಈ ಪ್ರಶ್ನೆಯೊಂದೇ ಸಾಕ್ಷಿ.

ಅಲ್ಲಿಂದ ಹಿಂದಿರುಗಿ ಆತನು ಕದ್ರಿಯ ಗುಡ್ಡವನ್ನೇರಿ ಜೋಗಿಗಳ ಅರಸನನ್ನು ಕಂಡನು. ಮಠಕ್ಕೆ ಹಿಂದಿದ್ದ ಉತ್ಪತ್ತಿಯು ನಾಯಕನ ಕಾಲದಲ್ಲಿ ಕುಗ್ಗಿದ್ದಿತಂತೆ. ಕದ್ರಿಯ ದೇವಾಲಯದಲ್ಲಿರುವ ಲೋಕೇಶ್ವರನ ಕಂಚಿನ ಪ್ರತಿಮೆಯನ್ನು ಆಳುಪ ವಂಶದ ಕುಂದವರ್ಮನು 968ರಲ್ಲಿ ಪ್ರತಿಷ್ಠಿಸಿದನೆಂದು ಪೀಠದ ಶಾಸನವು ಹೇಳುವುದು. ಪಿಯೆತ್ರೋ ಬಂದಾಗಲೇ ಅದಕ್ಕೆ ಆರೂವರೆ ಶತಮಾನಗಳಾಗಿದ್ದುವು.

ಇನ್ನು ಈ ಸಾಕ್ಷಿಯನ್ನು ಎಷ್ಟರಮಟ್ಟಿಗೆ ನಂಬಬೇಕೆಂಬುದು ವಿಚಾರಣೀಯ. ಕಣ್ಣಾರೆ ಕಂಡುದನ್ನು ಆತನು ಎಚ್ಚರದಿಂದ ಬರೆದಿರುವನು. ಕಿವಿಯಿಂದ ಕೇಳಿದುದು ಬೇರೆಯ ಮಾತು. ಗೇರುಸೊಪ್ಪೆಯ ರಾಣಿಯು ಹೀನಸ್ಥಿತಿಯ ಪರದೇಶಿಯೊಬ್ಬನನ್ನು ಮೆಚ್ಚಿ, ಅವನನ್ನು ನಂಬಿ ರಾಜ್ಯವನ್ನು ಕಳೆದುಕೊಂಡಳೆಂಬ ಕಥೆಯನ್ನು ಆತನು ಕೇಳಿ ಬರೆದನು. ಅರಸಿಯು ಸೋತಾಗ ಮೋಹವನ್ನೂ, ಅರಸನು ಸೋತಾಗ ದೈವವನ್ನೂ ಕಾರಣವಾಗಿ ಹೇಳುವುದು ಲೋಕದ ಹಳೆಯ ವಾಡಿಕೆ. ಅರ್ಧಶತಮಾನದಷ್ಟು ಕಾಲ ಪೋರ್ತುಗೀಜರೊಡನೆ ಸಂಧಿವಿಗ್ರಹಗಳನ್ನು ನಡೆಸಿ ಮೆಣಸಿನ ನಾಡನ್ನು ಆಳಿದವಳನ್ನು, ಗೆದ್ದವರ ಸೀಮೆಯಲ್ಲಿ ಹುಟ್ಟಿದ ಕಥೆಯೊಂದರಿಂದ ಅಳೆಯುವುದು ನ್ಯಾಯವಲ್ಲ.

ಅಬ್ಬಕ್ಕನ ವಿಷಯದಲ್ಲಿ ಇದೇ ಪತ್ರವು ವಿರುದ್ಧ ದಿಕ್ಕಿನ ತಪ್ಪನ್ನು ತಿದ್ದುವುದು. ಪೋರ್ತುಗೀಜರು ಉಳ್ಳಾಲವನ್ನು ಸುಟ್ಟು ಸೂರೆಮಾಡಿದುದು 1560ರ ದಶಕದಲ್ಲಿ. ಆಗ ಅವರನ್ನು ಎದುರಿಸಿದವಳು ಅಬ್ಬಕ್ಕನೆಂದು ಜನರು ಅಭಿಮಾನದಿಂದ ಹೇಳುವರು. ಆದರೆ 1623ರಲ್ಲಿ ಪಿಯೆತ್ರೋ ಕಂಡ ರಾಣಿಗೆ ಆತನ ಅಂದಾಜಿನಂತೆ ಸುಮಾರು ನಲ್ವತ್ತು ವರ್ಷ. ಇವರಿಬ್ಬರೂ ಒಬ್ಬಳೇ ಆಗಿರುವುದು ಅಸಂಭವ. ಅಳಿಯಸಂತಾನದ ಚೌಟರ ಮನೆಯಲ್ಲಿ ಒಂದೇ ಹೆಸರಿನ ಅರಸಿಯರು ಒಬ್ಬರಾದ ಮೇಲೊಬ್ಬರು ಆಳಿದರೆಂದೂ, ಜನಸ್ಮೃತಿಯು ಅವರನ್ನು ಒಬ್ಬಳಾಗಿ ಕೂಡಿಸಿತೆಂದೂ ಎಣಿಸುವುದೇ ಯುಕ್ತ. ಇದರಿಂದ ಆ ಮನೆತನದ ಕೀರ್ತಿಗೆ ಕುಂದಿಲ್ಲ. ಒಬ್ಬಳ ಶೌರ್ಯವು ಪರಂಪರೆಯ ಶೌರ್ಯವಾಗುವುದು.

ಹೀಗೆ ಈ ಕರಾವಳಿಯ ಚರಿತ್ರೆಗೆ ಸಾಕ್ಷಿಗಳು ನಾಲ್ಕು ಬಗೆ. ಮೊದಲನೆಯದು ಪಿಯೆತ್ರೋವಿನಂತಹ ಪರದೇಶೀಯರ ಬರೆಹ. ಎರಡನೆಯದು ಮೆಣಸಿನ ಲೆಕ್ಕವೇ ಮುಖ್ಯವಾದ ಪೋರ್ತುಗೀಜರ ದಾಖಲೆ. ಮೂರನೆಯದು ಆಸ್ಥಾನದ ಕೃತಿಗಳು, ಬಸವರಾಜನ ಸಂಸ್ಕೃತ ‘ಶಿವತತ್ತ್ವರತ್ನಾಕರ’, ಲಿಂಗಣ್ಣನ ಕನ್ನಡ ‘ಕೆಳದಿನೃಪವಿಜಯ’ ಮೊದಲಾದುವು. ನಾಲ್ಕನೆಯದು ಬಸದಿ, ಕೋಟೆ, ಶಾಸನಗಳೆಂಬ ಕಲ್ಲು. ಒಂದಕ್ಕೆ ಪೂರ್ವಗ್ರಹ, ಒಂದಕ್ಕೆ ಲಾಭ, ಒಂದಕ್ಕೆ ಒಡೆಯನ ಸ್ತುತಿ, ಒಂದಕ್ಕೆ ಮೌನ, ಹೀಗೆ ಪ್ರತಿಯೊಂದಕ್ಕೂ ಒಂದೊಂದು ದೋಷವುಂಟು. ಆದರೆ ಘಟ್ಟದ ಬಾಲಕರು ಹೇಳಿದಂತೆ, ನಾಲ್ವರೂ ಒಂದೇ ಸ್ಥಳದಲ್ಲಿ ತಪ್ಪಲಾರರು.

ತಂಡವಾಗಿ ಯಾತ್ರೆ ಹೊರಡುವವರು ಈ ಮಾತನ್ನು ನೆನಪಿನಲ್ಲಿಡಬೇಕು. ಹತ್ತು ಮಂದಿ ಕೂಡಿಹೋಗುವುದು ಬಾಡಿಗೆಯ ಉಳಿತಾಯಕ್ಕಾಗಿ ಮಾತ್ರವಲ್ಲ. ಒಬ್ಬನು ಶಾಸನವನ್ನು, ಒಬ್ಬನು ಶಿಲ್ಪವನ್ನು ನೋಡಿ, ಮತ್ತೊಬ್ಬನು ಊರಿನ ಹಿರಿಯರ ಬಾಯಿಂದ ಕೇಳಿ, ರಾತ್ರಿ ಬಿಡಾರದಲ್ಲಿ ಪರಸ್ಪರ ಒಪ್ಪಿಸಿ ತಿದ್ದಿಕೊಂಡರೆ, ಹಿಂದಿರುಗುವಾಗ ಪ್ರತಿಯೊಬ್ಬನೂ ಹತ್ತು ಕಣ್ಣುಗಳ ಯಾತ್ರೆಯನ್ನು ಮಾಡಿದಂತಾಗುವುದು. ಕಂಡುದನ್ನು ಅಂದಂದೇ ಬರೆದಿಡುವುದೂ ಅಷ್ಟೇ ಅವಶ್ಯಕ. 1623ರ ಆ ಪರಿವಾರದಲ್ಲಿ ರಾಯಭಾರಿಗಳಿದ್ದರು, ಸೇವಕರಿದ್ದರು, ಹಾದಿಯನ್ನೂ ಭಾಷೆಯನ್ನೂ ಚೆನ್ನಾಗಿ ಬಲ್ಲ ವಿಠಲ ಶೆಣೈಯಿದ್ದನು. ಅವನು ಕಂಡ ಗೇರುಸೊಪ್ಪೆ ಹೇಗಿದ್ದಿತು, ಇಕ್ಕೇರಿಯ ಓಲಗದ ಒಳಗುಟ್ಟೇನು ಎಂಬುದನ್ನು ಅವನು ಬರೆದಿದ್ದರೆ ಕನ್ನಡನಾಡಿನ ಕಥೆಯನ್ನು ಕೇಳಲು ರೋಮಿನವರೆಗೆ ಹೋಗಬೇಕಾಗಿರಲಿಲ್ಲ. ಮರಳಿನ ಮೇಲೆ ಬರೆದುದನ್ನು ಮಕ್ಕಳು ಅಳಿಸಬಹುದು, ಅವರಿಗೆ ಅದು ಕಂಠಸ್ಥವಾಗಿರುವುದು. ನಾಡಿನ ಚರಿತ್ರೆಯು ಅಷ್ಟು ಮಂದಿಗೆ ಕಂಠಸ್ಥವಾಗುವವರೆಗೆ ಅದನ್ನು ಕಾಗದದಲ್ಲಿ ಬರೆದಿಡುವುದೇ ಲೇಸು.